ಗೇಮ್ ತಡವರಿಸುತ್ತಿದೆಯೇ? ಗ್ರಾಫಿಕ್ಸ್ ಕಾರ್ಡ್ ಕೊಳ್ಳುವ ಮುನ್ನ ಪ್ರೊಸೆಸರ್ ನೋಡಿ



ಪರೀಕ್ಷೆ ಮುಗಿದು ರಜೆ ಶುರುವಾದರೆ ಸಾಂಗ್ಲಿ, ಮಿರಜ್, ಕುಪ್ವಾಡದ ನಮ್ಮ ಅನೇಕ ಮನೆಗಳಲ್ಲಿ ಒಂದೇ ಬೇಡಿಕೆ: "ಪಪ್ಪಾ, ಗೇಮ್ ಭಾಳ ಲ್ಯಾಗ್ ಆಗಾಕತ್ತೈತಿ, ಒಂದ್ ಗ್ರಾಫಿಕ್ಸ್ ಕಾರ್ಡ್ ಕೊಡಸ್ರಿ." ಅಂಗಡಿಯಲ್ಲಿ ಮಾತು ಮರಾಠಿಯಲ್ಲಿ ನಡೆಯುತ್ತದೆ, ಯೂಟ್ಯೂಬ್ ವಿಡಿಯೋಗಳು ಹಿಂದಿ-ಇಂಗ್ಲಿಷಿನಲ್ಲಿವೆ. ಕೊನೆಗೆ ದುಡ್ಡು ಕೊಡುವ ತಂದೆ-ತಾಯಿಗೆ ಮಾತ್ರ ವಿಷಯ ಪೂರ್ತಿ ತಿಳಿದಿರುವುದಿಲ್ಲ. ಇಪ್ಪತ್ತು ಸಾವಿರ ದಾಟುವ ಖರ್ಚು ಇದು. ಕಾರ್ಡ್ ಹಾಕಿಸಿದ ಮೇಲೂ ಗೇಮ್ ಮೊದಲಿನಂತೆಯೇ ಓಡಿದರೆ ಮಗನಿಗೂ ಬೇಸರ, ಮನೆಯವರಿಗೂ ನಷ್ಟ. ಆದ್ದರಿಂದ ಈ ಬಾರಿ ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಕಾರ್ಡಿನ ಜೋಡಿ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಕನ್ನಡದಲ್ಲಿ ವಿವರಿಸಿದ್ದೇವೆ. ಹೇಳಬೇಕಾದದ್ದು ಮುಖ್ಯವಾಗಿ ಒಂದೇ ಮಾತು: ಇಬ್ಬರಲ್ಲಿ ನಿಧಾನ ಇರುವವರು ಯಾರೋ, ಗೇಮಿನ ವೇಗ ಅವರದ್ದೇ. ದುಡ್ಡು ಹಾಕುವುದಿದ್ದರೆ ಅಲ್ಲಿಯೇ ಹಾಕಬೇಕು.

ಫ್ರೇಮ್ ರೇಟ್ ಎಂದರೆ

ಸಿನಿಮಾದಂತೆ ಗೇಮ್ ಕೂಡ ಒಂದರ ಹಿಂದೊಂದು ಬರುವ ಚಿತ್ರಗಳ ಸಾಲು. ಒಂದು ಸೆಕೆಂಡಿಗೆ ಎಷ್ಟು ಚಿತ್ರ ಬರುತ್ತವೆ ಎಂಬುದೇ ಫ್ರೇಮ್ ರೇಟ್. ಮಕ್ಕಳು ಇದನ್ನು ಎಫ್‌ಪಿಎಸ್ ಎನ್ನುತ್ತಾರೆ. ಸಿನಿಮಾದ ಚಿತ್ರಗಳು ಮೊದಲೇ ತಯಾರಾಗಿರುತ್ತವೆ. ಗೇಮಿನಲ್ಲಿ ಪ್ರತಿ ಚಿತ್ರವನ್ನೂ ಆ ಕ್ಷಣದಲ್ಲೇ ತಯಾರಿಸಬೇಕು. ಸೆಕೆಂಡಿಗೆ 30 ಚಿತ್ರ ಬೇಕೆಂದರೆ ಒಂದು ಚಿತ್ರಕ್ಕೆ ಸಿಗುವ ಸಮಯ ಸುಮಾರು 33 ಮಿಲಿಸೆಕೆಂಡ್. 60 ಬೇಕೆಂದರೆ ಸುಮಾರು 16.7, 144 ಬೇಕೆಂದರೆ 7 ಮಿಲಿಸೆಕೆಂಡಿಗಿಂತ ಸ್ವಲ್ಪ ಕಡಿಮೆ.

ಮೊದಲೇ ಒಂದು ವಿಷಯ ಸ್ಪಷ್ಟಪಡಿಸುತ್ತೇವೆ. ಮಕ್ಕಳು 'ಲ್ಯಾಗ್' ಎನ್ನುವುದರಲ್ಲಿ ಎರಡು ಬಗೆ ಇದೆ. ಇಂಟರ್‌ನೆಟ್ ನಿಧಾನವಾಗಿ ಗುಂಡು ಹಾರಿಸಿದ ಮೇಲೆ ತಡವಾಗಿ ತಾಗುವುದು ಒಂದು. ಅದನ್ನು ಗೇಮಿನಲ್ಲಿ 'ಪಿಂಗ್' ಎಂಬ ಅಂಕಿ ತೋರಿಸುತ್ತದೆ. ಅದಕ್ಕೆ ಯಾವ ಕಾರ್ಡೂ ಮದ್ದಲ್ಲ. ಚಿತ್ರವೇ ತಡವರಿಸಿ, ಜರ್ಕ್ ಹೊಡೆದು ಬರುವುದು ಇನ್ನೊಂದು. ಈ ಲೇಖನ ಎರಡನೆಯದರ ಬಗ್ಗೆ.

ರೊಟ್ಟಿ ಬಡಿಯುವವರು, ಬೇಯಿಸುವವರು

ಜೋಳದ ರೊಟ್ಟಿ ಮಾಡುವುದನ್ನು ನೆನಪಿಸಿಕೊಳ್ಳಿ. ಮನೆಯಲ್ಲಿ ಕಾರ್ಯವಿದ್ದಾಗ ಒಬ್ಬರು ಹಿಟ್ಟು ನಾದಿ ರೊಟ್ಟಿ ಬಡಿಯುತ್ತಾರೆ, ಇನ್ನೊಬ್ಬರು ಹಂಚಿನ ಮೇಲೆ ಬೇಯಿಸುತ್ತಾರೆ. ಗೇಮಿನಲ್ಲಿ ಬಡಿಯುವವರು ಪ್ರೊಸೆಸರ್, ಬೇಯಿಸುವವರು ಗ್ರಾಫಿಕ್ಸ್ ಕಾರ್ಡ್.

ಆಟಗಾರ ಎಲ್ಲಿದ್ದಾನೆ, ಎದುರಾಳಿ ಯಾವ ಕಡೆ ಓಡಿದ, ಗುಂಡು ಯಾರಿಗೆ ತಾಗಿತು, ರಸ್ತೆಯಲ್ಲಿ ಎಷ್ಟು ಗಾಡಿಗಳಿವೆ ಎಂಬ ಲೆಕ್ಕವೆಲ್ಲ ಪ್ರೊಸೆಸರಿನದು. ಲೆಕ್ಕ ಮುಗಿಸಿ, "ಈ ಮನೆ ಇಲ್ಲಿ, ಈ ಮರ ಅಲ್ಲಿ, ಹೀಗೆ ಬಿಡಿಸು" ಎಂಬ ಆದೇಶದ ಪಟ್ಟಿಯನ್ನೂ ಅದೇ ಕಳಿಸುತ್ತದೆ. ಪಟ್ಟಿ ಕೈಗೆ ಬಂದ ಮೇಲೆ ಗ್ರಾಫಿಕ್ಸ್ ಕಾರ್ಡ್ ಬಣ್ಣ, ಬೆಳಕು, ನೆರಳು ಹಾಕಿ ಪರದೆಯ ಒಂದೊಂದು ಚುಕ್ಕಿಯನ್ನೂ ತುಂಬುತ್ತದೆ.

ಒಂದು ರೊಟ್ಟಿ ಹಂಚಿನ ಮೇಲಿರುವಾಗಲೇ ಮುಂದಿನದನ್ನು ಬಡಿಯುತ್ತಿರುತ್ತಾರಲ್ಲ, ಇಲ್ಲಿಯೂ ಹಾಗೆಯೇ. ಹಾಗಾಗಿ ಇಬ್ಬರ ಸಮಯವನ್ನು ಕೂಡಿಸಬೇಕಿಲ್ಲ. ಯಾರಿಗೆ ಹೆಚ್ಚು ಸಮಯ ಬೇಕೋ ಅದನ್ನಷ್ಟೇ ಲೆಕ್ಕಕ್ಕೆ ಹಿಡಿಯಬೇಕು. ಬಡಿಯುವವರು ನಿಮಿಷಕ್ಕೆ ಎರಡೇ ರೊಟ್ಟಿ ಕೊಟ್ಟರೆ ಒಲೆ ಎಷ್ಟು ದೊಡ್ಡದಿದ್ದರೂ ಬುಟ್ಟಿಗೆ ಬೀಳುವುದು ಎರಡೇ.

ಒಂದು ಚಿಕ್ಕ ಲೆಕ್ಕ

ತಿಳಿಯಲೆಂದು ಅಂಕಿ ಇಟ್ಟು ನೋಡೋಣ. ಒಂದು ಗೇಮಿನಲ್ಲಿ ಒಂದು ಚಿತ್ರಕ್ಕೆ ಪ್ರೊಸೆಸರ್ 20 ಮಿಲಿಸೆಕೆಂಡ್, ಕಾರ್ಡ್ 12 ಮಿಲಿಸೆಕೆಂಡ್ ತೆಗೆದುಕೊಳ್ಳುತ್ತವೆ ಎಂದುಕೊಳ್ಳಿ. ಸಾವಿರವನ್ನು 20ರಿಂದ ಭಾಗಿಸಿದರೆ ಸೆಕೆಂಡಿಗೆ 50 ಚಿತ್ರ. ಈಗ ಎರಡು ಪಟ್ಟು ವೇಗದ ಕಾರ್ಡ್ ತಂದಿರಿ, ಅದರ ಕೆಲಸ 6 ಮಿಲಿಸೆಕೆಂಡಿಗೆ ಮುಗಿಯುತ್ತದೆ. ಆದರೂ ಪ್ರೊಸೆಸರಿಗೆ 20 ಬೇಕೇ ಬೇಕು. ಚಿತ್ರಗಳು ಮತ್ತೆ 50!

ಅದೇ ದುಡ್ಡಿನಲ್ಲಿ ಪ್ರೊಸೆಸರ್ ಬದಲಿಸಿ, ಅದರ ಕೆಲಸ 8 ಮಿಲಿಸೆಕೆಂಡಿಗೆ ಇಳಿದರೆ? ಈಗ ನಿಧಾನ ಇರುವುದು ಹಳೆಯ ಕಾರ್ಡ್, 12 ಮಿಲಿಸೆಕೆಂಡ್. ಅಂದರೆ ಸೆಕೆಂಡಿಗೆ ಸುಮಾರು 83 ಚಿತ್ರ. ಖರ್ಚು ಎರಡೂ ಕಡೆ ಆಯಿತು, ಫಲ ಸಿಕ್ಕಿದ್ದು ಒಂದೇ ಕಡೆ.

ಗೇಮ್ ಬದಲಾದರೆ, ಪರದೆ ಬದಲಾದರೆ

"ಈ ಪ್ರೊಸೆಸರಿಗೆ ಈ ಕಾರ್ಡೇ ಸರಿ" ಎಂದು ಒಂದೇ ಮಾತಿನಲ್ಲಿ ಹೇಳಲು ಬರುವುದಿಲ್ಲ. ಇದು ಆಡುವ ಗೇಮ್ ಮತ್ತು ಪರದೆಯ ರೆಸಲ್ಯೂಷನ್ ಮೇಲೆ ನಿಂತಿದೆ.

1080ಪಿ ಪರದೆಯಲ್ಲಿ ಸುಮಾರು 20.7 ಲಕ್ಷ ಚುಕ್ಕಿಗಳಿರುತ್ತವೆ, 1440ಪಿಯಲ್ಲಿ ಸುಮಾರು 36.9 ಲಕ್ಷ, 4ಕೆ ಪರದೆಯಲ್ಲಿ ಸುಮಾರು 83 ಲಕ್ಷ. ಅಂದರೆ 4ಕೆ ಎಂದರೆ 1080ಪಿಯ ಸರಿಯಾಗಿ ನಾಲ್ಕು ಪಟ್ಟು. ಚುಕ್ಕಿ ಹೆಚ್ಚಾದಂತೆ ಕಾರ್ಡಿನ ಕೆಲಸ ಹೆಚ್ಚುತ್ತದೆ, ಪ್ರೊಸೆಸರಿನ ಕೆಲಸ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ದಪ್ಪ ರೊಟ್ಟಿ ಬಡಿಯಲು ಹೆಚ್ಚು ಹೊತ್ತು ಬೇಡ, ಬೇಯಲು ಬೇಕು ಎಂದಂತೆ.

ವ್ಯಾಲೊರಂಟ್, ಕೌಂಟರ್-ಸ್ಟ್ರೈಕ್ 2 ಇಂತಹ ಸ್ಪರ್ಧೆಯ ಗೇಮುಗಳನ್ನು ಮಕ್ಕಳು ಕಡಿಮೆ ಸೆಟ್ಟಿಂಗ್‌ನಲ್ಲಿ, ಹೆಚ್ಚು ಎಫ್‌ಪಿಎಸ್‌ಗಾಗಿ ಆಡುತ್ತಾರೆ. ಅಲ್ಲಿ ಕಾರ್ಡಿಗೆ ಕೆಲಸ ಕಡಿಮೆ. ಸಾಮಾನ್ಯವಾಗಿ ಪ್ರೊಸೆಸರೇ ಮಿತಿ ಹಾಕುತ್ತದೆ. 2020ರ ಡಿಸೆಂಬರಿನಲ್ಲಿ ಬಂದ ಸೈಬರ್‌ಪಂಕ್ 2077 ಅನ್ನು ಎಲ್ಲ ಸೆಟ್ಟಿಂಗ್ ಏರಿಸಿ ಆಡಿದರೆ ಕಾರ್ಡಿಗೆ ಭಾರ. ಆದರೆ ಅದೇ ಗೇಮಿನಲ್ಲಿ ಜನಸಂದಣಿಯ ಬೀದಿಗೆ ಇಳಿದರೆ ಪ್ರೊಸೆಸರಿಗೂ ಬೆವರು ಬರುತ್ತದೆ. ನಮ್ಮ ಪಕ್ಕದ ಪುಣೆಯ ನಾಡಿಂಗ್ ಹೆಡ್ಸ್ ಗೇಮ್ಸ್ 2020ರಲ್ಲಿ ತಂದ 'ರಾಜಿ: ಆ್ಯನ್ ಏನ್ಷಿಯಂಟ್ ಎಪಿಕ್' ಇಂತಹ ಕಥೆಯ ಗೇಮಿಗೆ 144 ಎಫ್‌ಪಿಎಸ್ ಬೇಕಾಗಿಯೇ ಇಲ್ಲ, ಸ್ಥಿರವಾದ 60 ಇದ್ದರೆ ಧಾರಾಳ.

ಅಂತರ್ಜಾಲದಲ್ಲಿ "ನಿಮ್ಮ ಜೋಡಿಯಲ್ಲಿ ಇಷ್ಟು ಪ್ರತಿಶತ ಅಡ್ಡಿ" ಎಂದು ಒಂದೇ ಅಂಕಿ ಹೇಳುವ ಲೆಕ್ಕಯಂತ್ರಗಳಿವೆ. ಯಾವ ಗೇಮ್, ಯಾವ ಸೆಟ್ಟಿಂಗ್ ಎಂದು ಕೇಳದೆ ಕೊಡುವ ಅಂಕಿಯನ್ನು ನಂಬಿ ದುಡ್ಡು ಖರ್ಚು ಮಾಡಬೇಡಿ.

ಮನೆಯಲ್ಲೇ ಮಾಡುವ ಪರೀಕ್ಷೆ

ಇದಕ್ಕೆ ಖರ್ಚಿಲ್ಲ, ಹತ್ತು ನಿಮಿಷ ಸಾಕು.

1. ಗೇಮಿನ ಸೆಟ್ಟಿಂಗ್‌ನಲ್ಲಿ 'ವಿ-ಸಿಂಕ್' ಮತ್ತು ಎಫ್‌ಪಿಎಸ್ ಮಿತಿ ಎರಡನ್ನೂ ಆಫ್ ಮಾಡಿ.

2. ವಿಂಡೋಸ್ ಕೀಲಿ ಮತ್ತು ಜಿ ಅಕ್ಷರ ಒಟ್ಟಿಗೆ ಒತ್ತಿದರೆ ಗೇಮ್ ಬಾರ್ ಬರುತ್ತದೆ. ಅದರ ಪರ್ಫಾರ್ಮೆನ್ಸ್ ಭಾಗದಲ್ಲಿ ಎಫ್‌ಪಿಎಸ್, ಪ್ರೊಸೆಸರ್ ಬಳಕೆ, ಕಾರ್ಡಿನ ಬಳಕೆ ಕಾಣುತ್ತವೆ.

3. ಗೇಮ್ ತಡವರಿಸುವ ಜಾಗದಲ್ಲೇ ನಿಂತು ಅಂಕಿಗಳನ್ನು ಬರೆದುಕೊಳ್ಳಿ.

4. ಈಗ ರೆಸಲ್ಯೂಷನ್ ಅನ್ನು 1080ಪಿಯಿಂದ 720ಪಿಗೆ ಇಳಿಸಿ, ಅದೇ ಜಾಗದಲ್ಲಿ ಮತ್ತೆ ನೋಡಿ.

ಎಫ್‌ಪಿಎಸ್ ಚೆನ್ನಾಗಿ ಏರಿದರೆ ನಿಧಾನ ಇದ್ದದ್ದು ಕಾರ್ಡ್. ಹೊಸ ಕಾರ್ಡಿನಿಂದ ಲಾಭವಿದೆ. ಎಫ್‌ಪಿಎಸ್ ಇದ್ದಲ್ಲೇ ಇದ್ದರೆ ನಿಧಾನ ಇರುವುದು ಪ್ರೊಸೆಸರ್ ಅಥವಾ ರ‍್ಯಾಮ್. ಹೊಸ ಕಾರ್ಡ್ ಹಾಕಿದರೂ ವೇಗ ಹೆಚ್ಚದು. ಕಾರ್ಡಿನ ಬಳಕೆ 95ರ ಮೇಲೆ ನಿಂತಿದ್ದರೆ ಅದು ತನ್ನ ಶಕ್ತಿಯನ್ನೆಲ್ಲ ಹಾಕುತ್ತಿದೆ ಎಂದರ್ಥ. 60-70ರಲ್ಲೇ ಉಳಿದಿದ್ದರೆ ಅದು ಆದೇಶಕ್ಕಾಗಿ ಕಾಯುತ್ತಿದೆ.

ಇಲ್ಲಿ ಹಲವರು ಎಡವುವ ಜಾಗ ಒಂದಿದೆ. ಪ್ರೊಸೆಸರ್ ಬಳಕೆ 40 ಅಂತ ಕಂಡರೆ "ಅದಕ್ಕಿನ್ನೂ ಶಕ್ತಿ ಇದೆ" ಎಂದುಕೊಳ್ಳಬೇಡಿ. ಅದು ಎಲ್ಲ ಕೋರ್‌ಗಳ ಸರಾಸರಿ. ಗೇಮಿನ ಮುಖ್ಯ ಕೆಲಸ ಒಂದೆರಡು ಕೋರ್‌ಗಳ ಮೇಲೆಯೇ ಬೀಳುತ್ತದೆ. ಎಂಟು ಜನ ಕೂಲಿಯವರಲ್ಲಿ ಇಬ್ಬರು ದುಡಿದು ಆರು ಜನ ಕೂತಂತೆ; ಆ ಇಬ್ಬರು ಸುಸ್ತಾದರೆ ಕೆಲಸ ಅಲ್ಲಿಗೇ ನಿಲ್ಲುತ್ತದೆ.

ನಮ್ಮ ಕಡೆ ಕಾಣಸಿಗುವ ಜೋಡಿಗಳು

ಹಳೆಯ ಆಫೀಸ್ ಡೆಸ್ಕ್‌ಟಾಪ್ ಮತ್ತು ಹೊಸ ಕಾರ್ಡ್: ಸೆಕೆಂಡ್‌ಹ್ಯಾಂಡಿನಲ್ಲಿ ಸಿಗುವ ಕೋರ್ ಐ5-3470 ಇರುವ ಯಂತ್ರವನ್ನು ತೆಗೆದುಕೊಳ್ಳಿ. ಇದು 2012ರ ಪ್ರೊಸೆಸರ್, ನಾಲ್ಕು ಕೋರ್, ನಾಲ್ಕು ಥ್ರೆಡ್. ಇದಕ್ಕೆ ಆರ್‌ಟಿಎಕ್ಸ್ 3060 ಅಥವಾ 4060 ಹಾಕಿದರೆ ಈಗಿನ ಅನೇಕ ಗೇಮುಗಳಲ್ಲಿ ಕಾರ್ಡ್ ಸುಮ್ಮನೆ ಕಾಯುತ್ತದೆ. ವಿದ್ಯುತ್ತಿನ ತೊಂದರೆಯೂ ಇದೆ: 3060ಗೆ 170 ವ್ಯಾಟ್ ಬೇಕು, ತಯಾರಕರು 550 ವ್ಯಾಟ್‌ನ ಪವರ್ ಸಪ್ಲೈ ಹೇಳುತ್ತಾರೆ, ಆಫೀಸ್ ಡಬ್ಬಿಗಳಲ್ಲಿ ಇರುವುದು ಸಾಮಾನ್ಯವಾಗಿ ಅದರ ಅರ್ಧದಷ್ಟು. ಇಂತಹ ಯಂತ್ರಕ್ಕೆ 75 ವ್ಯಾಟ್‌ನ ಜಿಟಿಎಕ್ಸ್ 1650 ತಕ್ಕ ಜೋಡಿ. ಅದರ ಅನೇಕ ಮಾದರಿಗಳಿಗೆ ಬೇರೆ ವೈರ್ ಬೇಡ, ಸ್ಲಾಟಿನಿಂದಲೇ ವಿದ್ಯುತ್ ಸಾಕಾಗುತ್ತದೆ. ಇನ್ನೂ ಒಂದು ಮಾತು: ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ವಿಂಡೋಸ್ 11ರ ಅಧಿಕೃತ ಪಟ್ಟಿಯಲ್ಲಿ ಇಷ್ಟು ಹಳೆಯ ಪ್ರೊಸೆಸರ್ ಇಲ್ಲ. ಆದ್ದರಿಂದ ಇದರ ಮೇಲೆ ದೊಡ್ಡ ಮೊತ್ತ ಸುರಿಯುವುದು ಬೇಡ.

ರೈಜನ್ 5 5600ಜಿ ಮತ್ತು ಆರ್‌ಎಕ್ಸ್ 6500 ಎಕ್ಸ್‌ಟಿ: ಎರಡೂ ಹೊಸ ಕಾಲದವೇ, ಆದರೂ ಜೋಡಿ ಹೊಂದುವುದಿಲ್ಲ. ಮಿರಜ್ ಜಂಕ್ಷನ್ನಿನಲ್ಲಿ ಹಿಂದೆ ಮೀಟರ್ ಗೇಜ್, ಬ್ರಾಡ್ ಗೇಜ್ ಎರಡೂ ಇದ್ದ ಕಾಲವನ್ನು ಹಿರಿಯರು ಬಲ್ಲರು. ಬೆಳಗಾವಿ ಕಡೆಯಿಂದ ಬಂದವರು ಇಲ್ಲಿ ಇಳಿದು ಪುಣೆಯ ಗಾಡಿ ಹಿಡಿಯಬೇಕಿತ್ತು. ಗಾಡಿಗಳು ಎಷ್ಟೇ ಚೆನ್ನಾಗಿದ್ದರೂ ತಡವಾಗುತ್ತಿದ್ದದ್ದು ಕೂಡುವ ಜಾಗದಲ್ಲಿ. ಪ್ರೊಸೆಸರ್ ಮತ್ತು ಕಾರ್ಡಿನ ನಡುವಿನ ಹಳಿಯ ಹೆಸರು ಪಿಸಿಐಇ. 2022ರಲ್ಲಿ ಬಂದ ಈ ಕಾರ್ಡ್ ನಾಲ್ಕೇ ಸಾಲು ಬಳಸುತ್ತದೆ, ಅದರ ಲೆಕ್ಕ ಇರುವುದು ಪಿಸಿಐಇ 4.0 ವೇಗಕ್ಕೆ. 5600ಜಿ ಕೊಡುವುದು 3.0 ಮಾತ್ರ, ಅಂದರೆ ಅರ್ಧ ವೇಗ. ಕಾರ್ಡಿನ 4 ಜಿಬಿ ಮೆಮೊರಿ ತುಂಬಿದ ಕೂಡಲೇ ಈ ಕಿರಿದಾದ ಹಳಿಯ ಮೇಲೆ ಓಡಾಟ ಹೆಚ್ಚಿ ಗೇಮ್ ಜರ್ಕ್ ಹೊಡೆಯುತ್ತದೆ. ಪಿಸಿಐಇ 4.0 ಇರುವ ಮದರ್‌ಬೋರ್ಡಿನಲ್ಲಿ ಕೋರ್ ಐ3-12100ಎಫ್ ಅಥವಾ ರೈಜನ್ 5 5600 ಜೊತೆ ಇದೇ ಕಾರ್ಡಿಗೆ ಈ ಅರ್ಧ ವೇಗದ ತೊಂದರೆ ಇರುವುದಿಲ್ಲ.

ಕಾರ್ಡೇ ಇಲ್ಲದ 5600ಜಿ: ಇದರೊಳಗೇ ಗ್ರಾಫಿಕ್ಸ್ ಇದೆ, ಅದು ಕಂಪ್ಯೂಟರಿನ ರ‍್ಯಾಮ್ ಅನ್ನೇ ಹಂಚಿಕೊಳ್ಳುತ್ತದೆ. ಅಂಗಡಿಯಲ್ಲಿ ಒಂದೇ ರ‍್ಯಾಮ್ ಪಟ್ಟಿ ಹಾಕಿ ಕೊಟ್ಟಿದ್ದರೆ ಅರ್ಧ ದಾರಿ ಮುಚ್ಚಿದಂತೆ. 16 ಜಿಬಿಯ ಒಂದು ಪಟ್ಟಿಗಿಂತ 8 ಜಿಬಿಯ ಎರಡು ಪಟ್ಟಿ ಲೇಸು. ಕಾರ್ಡ್ ಕೊಳ್ಳುವ ಮೊದಲು ಇದನ್ನು ನೋಡಿ.

ಲ್ಯಾಪ್‌ಟಾಪ್: ಇಲ್ಲಿ ಜೋಡಿಯನ್ನು ನಂತರ ಬದಲಿಸಲು ಬಾರದು. ಹೆಸರು ಒಂದೇ ಇದ್ದರೂ ಶಕ್ತಿ ಬೇರೆ ಇರುತ್ತದೆ: ಲ್ಯಾಪ್‌ಟಾಪಿನ ಆರ್‌ಟಿಎಕ್ಸ್ 4060 ಮಾದರಿಗೆ ತಕ್ಕಂತೆ 35ರಿಂದ 115 ವ್ಯಾಟ್‌ವರೆಗೆ ಇರಬಹುದು. ಎಷ್ಟು ವ್ಯಾಟ್ ಎಂದು ಕೇಳಿಯೇ ಕೊಳ್ಳಿ.

ಖರ್ಚಿಲ್ಲದ, ಕಡಿಮೆ ಖರ್ಚಿನ ಉಪಾಯಗಳು

ಮಾನಿಟರ್ 60 ಹರ್ಟ್ಜ್ ಇದ್ದರೆ ಅದು ಸೆಕೆಂಡಿಗೆ 60ಕ್ಕಿಂತ ಹೆಚ್ಚು ಚಿತ್ರ ತೋರಿಸಲಾರದು. ಈಗಾಗಲೇ ಸ್ಥಿರವಾಗಿ 60 ಬರುತ್ತಿದ್ದರೆ ಕಾರ್ಡಿಗೆ ದುಡ್ಡು ಹಾಕುವ ಮುನ್ನ ಯೋಚಿಸಿ.

ಪ್ರೊಸೆಸರ್ ನಿಧಾನವಿದ್ದರೆ ಜನಸಂದಣಿ, ದೂರದ ದೃಶ್ಯ ಇವುಗಳ ಸೆಟ್ಟಿಂಗ್ ಇಳಿಸಿ. ಕಾರ್ಡ್ ನಿಧಾನವಿದ್ದರೆ ರೆಸಲ್ಯೂಷನ್, ನೆರಳು ಇಳಿಸಿ, ಅಥವಾ ಗೇಮಿನಲ್ಲಿ ಎಫ್‌ಎಸ್‌ಆರ್, ಡಿಎಲ್‌ಎಸ್‌ಎಸ್ ಇದ್ದರೆ ಆನ್ ಮಾಡಿ. ಚಿಕ್ಕ ಚಿತ್ರ ಬಿಡಿಸಿ ದೊಡ್ಡದು ಮಾಡುವ ಈ ತಂತ್ರ ಕಾರ್ಡಿನ ಭಾರ ಇಳಿಸುತ್ತದೆ, ಪ್ರೊಸೆಸರಿನ ಭಾರವನ್ನಲ್ಲ. ಈಗಾಗಲೇ ದೊಡ್ಡ ಕಾರ್ಡ್ ತಂದಾಗಿದ್ದರೆ ಅದು ಪೂರ್ತಿ ವ್ಯರ್ಥವಲ್ಲ. ಅದೇ ಎಫ್‌ಪಿಎಸ್‌ನಲ್ಲಿ ಚಿತ್ರದ ಗುಣಮಟ್ಟ ಏರಿಸಿಕೊಳ್ಳಬಹುದು, ಮುಂದೆ ಪ್ರೊಸೆಸರ್ ಬದಲಿಸಿದಾಗ ಅದರ ವೇಗವೂ ಸಿಗುತ್ತದೆ.

ನಮ್ಮ ಏಪ್ರಿಲ್-ಮೇ ಬಿಸಿಲನ್ನೂ ಮರೆಯಬೇಡಿ. ಯಂತ್ರ ಕಾದರೆ ಪ್ರೊಸೆಸರ್, ಕಾರ್ಡ್ ಎರಡೂ ತಮ್ಮನ್ನು ಕಾಪಾಡಿಕೊಳ್ಳಲು ತಾವೇ ವೇಗ ಇಳಿಸುತ್ತವೆ. ಆಟ ಶುರುವಾದ ಅರ್ಧ ಗಂಟೆಗೆ ಎಫ್‌ಪಿಎಸ್ ಬೀಳುತ್ತಿದ್ದರೆ ಮೊದಲು ಫ್ಯಾನಿನ ಧೂಳು ತೆಗೆಸಿ. ಮೊಬೈಲಿನಲ್ಲೂ ಇದೇ ಕಥೆ. ಅಲ್ಲಿ ಪ್ರೊಸೆಸರ್, ಗ್ರಾಫಿಕ್ಸ್ ಎರಡೂ ಒಂದೇ ಚಿಪ್ಪಿನಲ್ಲಿದ್ದು ಒಂದರ ಬಿಸಿ ಇನ್ನೊಂದಕ್ಕೂ ತಟ್ಟುತ್ತದೆ.

ಸದಸ್ಯರಲ್ಲಿ ವಿನಂತಿ

ಕಾರ್ಡ್ ಕೊಳ್ಳುವ ವಿಚಾರ ಇರುವವರು ಸಂಘದ ಮುಂದಿನ ಸಭೆಗೆ ಬರುವಾಗ ಐದು ಸಂಗತಿ ಬರೆದುಕೊಂಡು ಬನ್ನಿ: ಪ್ರೊಸೆಸರಿನ ಹೆಸರು, ಈಗಿರುವ ಕಾರ್ಡ್, ರ‍್ಯಾಮ್ ಎಷ್ಟು ಪಟ್ಟಿ, ಪವರ್ ಸಪ್ಲೈ ಎಷ್ಟು ವ್ಯಾಟ್, ಮತ್ತು ಮೇಲಿನ ಪರೀಕ್ಷೆಯ ಎರಡು ಎಫ್‌ಪಿಎಸ್ ಅಂಕಿಗಳು. ನಮ್ಮಲ್ಲಿ ಈ ವಿಷಯ ಬಲ್ಲ ಯುವಕ-ಯುವತಿಯರಿದ್ದಾರೆ, ಕೂತು ನೋಡಿ ಹೇಳುತ್ತಾರೆ. ಮಕ್ಕಳನ್ನೂ ಕರೆತನ್ನಿ. ಅಂಕಿಗಳನ್ನು ಅವರೇ ಬರೆದು ತಂದರೆ, ಯಾವುದಕ್ಕೆ ದುಡ್ಡು ಹಾಕಬೇಕೆಂದು ಮನೆಯಲ್ಲಿ ಅವರೇ ನಿಮಗೆ ವಿವರಿಸಿ ಹೇಳಬಲ್ಲರು.