ಹೊಗೆಸೊಪ್ಪಿನ ಕವಳ ಬಿಡುವುದು ಏಕೆ ಕಷ್ಟ?



ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳಲ್ಲಿ ಬೆಳಗಿನ ಹಾಲನ್ನು ಸಂಘಕ್ಕೆ ಹಾಕಿ ಬಂದೊಡನೆ ಕವಳದ ಸಂಚಿ ಬಿಚ್ಚುವವರು ಬಹಳ ಮಂದಿ. ಎಲೆ, ಅಡಿಕೆ, ಸುಣ್ಣದ ಜೊತೆಗೆ ಚೂರು ಹೊಗೆಸೊಪ್ಪು ಬಿದ್ದರೇನೇ ಮೈ ಚುರುಕಾಗುವುದೆಂದು ಅವರು ಹೇಳುವುದುಂಟು. ಆ ಮಾತು ಸುಳ್ಳಲ್ಲ. ಹಾಗೇಕೆ ಆಗುತ್ತದೆಂದು ತಿಳಿದಿರುವುದು ಒಳ್ಳೆಯದು.

ಹೊಗೆಸೊಪ್ಪಿನಲ್ಲಿ ನಿಕೋಟಿನ್ ಎಂಬ ವಸ್ತುವಿದೆ. ಸುಣ್ಣದ ಕ್ಷಾರಗುಣದಿಂದಾಗಿ ಅದು ಬಾಯಿಯ ಒಳಪದರದ ಮೂಲಕ ಸುಲಭವಾಗಿ ರಕ್ತಕ್ಕೆ ಸೇರುತ್ತದೆ. ಬೀಡಿಯ ಹೊಗೆಯಾದರೆ ಅರ್ಧ ನಿಮಿಷದೊಳಗೆ ಮಿದುಳನ್ನು ಮುಟ್ಟುತ್ತದೆ. ಕವಳದ್ದು ನಿಧಾನ, ಆದರೆ ಹೆಚ್ಚು ಹೊತ್ತು ನಿಲ್ಲುತ್ತದೆ.

ಮಿದುಳಿನ ನರಕೋಶಗಳ ಮೇಲೆ ಬೀಗಗಳಂಥ ರಚನೆಗಳಿವೆ. ದೇಹವೇ ತಯಾರಿಸುವ ಅಸಿಟೈಲ್‌ಕೋಲಿನ್ ಇವುಗಳ ಸ್ವಂತ ಕೀಲಿಕೈ. ನಿಕೋಟಿನ್ ಕಳ್ಳ ಕೀಲಿಕೈ. ಅದು ಬೀಗ ತೆರೆದಾಗ ಡೋಪಮೈನ್ ಎಂಬ ರಾಸಾಯನಿಕ ಹೆಚ್ಚಾಗಿ ಬಿಡುಗಡೆಯಾಗುತ್ತದೆ. ಹಸಿದವನಿಗೆ ಊಟ ಸಿಕ್ಕಾಗಲೂ ಇದೇ ಡೋಪಮೈನ್ 'ಇದು ಬೇಕಾದದ್ದು, ಮತ್ತೆ ಮಾಡು' ಎಂದು ಮಿದುಳಿಗೆ ಪಾಠ ಹೇಳುವುದು.

ದಿನವೂ ಹೀಗಾದರೆ ಬೀಗಗಳು ಜಡವಾಗುತ್ತವೆ. ಮಿದುಳು ಅವುಗಳ ಸಂಖ್ಯೆಯನ್ನು ಹೆಚ್ಚಿಸಿಕೊಳ್ಳುತ್ತದೆ. ರಕ್ತದಲ್ಲಿನ ನಿಕೋಟಿನ್ ಸುಮಾರು 2 ಗಂಟೆಗೊಮ್ಮೆ ಅರ್ಧಕ್ಕಿಳಿಯುವುದರಿಂದ, ಬೆಳಗಾಗುವಷ್ಟರಲ್ಲಿ ಇವೆಲ್ಲ ಖಾಲಿಯಾಗಿ ಕಾದಿರುತ್ತವೆ. ಬೆಳಗಿನ ಮೊದಲ ಕವಳದ ಸುಖವೆಂದರೆ ಬಹುಪಾಲು ನಿನ್ನೆಯ ಕವಳ ತಂದಿಟ್ಟ ಸಂಕಟದ ಶಮನವೇ.

ಬಕೆಟ್ಟಿನ ಸದ್ದು ಕೇಳಿದರೆ, ಕರುವನ್ನು ಕಂಡರೆ ಹಸು ಹಾಲಿಳಿಸುವುದನ್ನು ತಾವು ದಿನವೂ ನೋಡುತ್ತೀರಿ. ಕೆಚ್ಚಲಿಗೆ ಕೈ ತಾಗುವ ಮೊದಲೇ ಅದರ ಮಿದುಳು ಆಕ್ಸಿಟೋಸಿನ್ ಬಿಟ್ಟಿರುತ್ತದೆ. ರಾಸಾಯನಿಕ ಬೇರೆಯಾದರೂ ಕಲಿಕೆಯ ಬಗೆ ಒಂದೇ: ಸುಣ್ಣದ ಡಬ್ಬಿಯ ಸದ್ದಾದರೆ, ಊಟ ಮುಗಿಸಿ ಎದ್ದರೆ, ಬಾಯಿಗೆ ಏನೂ ಬೀಳದಿದ್ದರೂ ಬಯಕೆ ಎದ್ದು ನಿಲ್ಲುತ್ತದೆ. 'ಮನಸ್ಸು ಗಟ್ಟಿಯಿಲ್ಲ' ಎಂದು ಬೈಯುವುದರಿಂದ ಪ್ರಯೋಜನವಿಲ್ಲ. ಹಸುವನ್ನು ಯಾರೂ ಬೈಯುವುದಿಲ್ಲವಷ್ಟೆ!

ಚಟ ಹಿಡಿಸುವುದು ನಿಕೋಟಿನ್. ಬಾಯಿಯ ಕ್ಯಾನ್ಸರ್ ತರುವುದು ಮುಖ್ಯವಾಗಿ ಅದೇ ಸೊಪ್ಪಿನಲ್ಲಿರುವ ನೈಟ್ರೋಸಮೈನ್ ಮುಂತಾದ ಬೇರೆ ವಿಷಗಳು. ಒಂದನ್ನು ಬಿಟ್ಟು ಇನ್ನೊಂದು ಸಿಗುವುದಿಲ್ಲ.

ಬಿಟ್ಟವರಿಗೆ ಸಿಡುಕು, ನಿದ್ದೆಗೇಡು, ಕೆಲಸದಲ್ಲಿ ಮನಸ್ಸು ನಿಲ್ಲದಿರುವುದು ಮೊದಲ 2-3 ದಿನ ಅತಿ ಹೆಚ್ಚು. ಸಾಮಾನ್ಯವಾಗಿ 3-4 ವಾರಗಳಲ್ಲಿ ಇಳಿಯುತ್ತದೆ. ಆದ್ದರಿಂದ ಅಡಿಕೆ ಕೊಯ್ಲಿನ ಗಡಿಬಿಡಿಯಲ್ಲಿ ಬಿಡಲು ಹೊರಡಬೇಡಿ, ಬಿಡುವಿರುವ ದಿನ ಆರಿಸಿಕೊಳ್ಳಿ. ಸಂಚಿ ಕಣ್ಣಿಗೆ ಬೀಳದಿರಲಿ. ಬಯಕೆ ಎದ್ದಾಗ ಏಲಕ್ಕಿ ಬಾಯಿಗೆ ಹಾಕಿಕೊಂಡು ಕೊಟ್ಟಿಗೆಯ ಯಾವುದಾದರೂ ಕೆಲಸಕ್ಕೆ ಕೈಹಚ್ಚಿ. ಕೆಲವು ನಿಮಿಷಗಳಲ್ಲಿ ಅದು ತಗ್ಗುತ್ತದೆ.

ಹೊಗೆಸೊಪ್ಪು ಬಿಟ್ಟು ಬರೀ ಅಡಿಕೆಯ ಕವಳ ಹಾಕಿದರಾಗದೇ ಎಂದು ಕೇಳುವವರಿದ್ದಾರೆ. ಅಡಿಕೆ ಸೀಮೆಯಲ್ಲಿ ಹೇಳಲು ಕಷ್ಟವಾದರೂ, ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಅಡಿಕೆಯನ್ನೂ ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿದೆ. ಒಬ್ಬರೇ ಬಿಡಲಾಗದವರು ವೈದ್ಯರನ್ನು ಕಾಣಬಹುದು, ಅಥವಾ ರಾಷ್ಟ್ರೀಯ ತಂಬಾಕು ತ್ಯಜಿಸುವ ಸಹಾಯವಾಣಿ 1800-11-2356ಕ್ಕೆ ಉಚಿತವಾಗಿ ಕರೆ ಮಾಡಬಹುದು.