ಹೊಡೆದವನೇ ಕೊಯ್ಯಬೇಕೆ?

ಅಮೇರಿಕದ ಉತ್ತರ ಭಾಗದಲ್ಲಿರುವ ವಿಸ್ಕಾನ್ಸಿನ್ ರಾಜ್ಯದಲ್ಲಿ ಕೋವಿಯಿಂದ ಜಿಂಕೆ ಹೊಡೆಯಲು ಸರಕಾರವು ಗೊತ್ತುಪಡಿಸಿರುವ ಮುಖ್ಯ ಅವಧಿ ಕೇವಲ ಒಂಬತ್ತು ದಿನಗಳದು. ನವೆಂಬರ್ ತಿಂಗಳ ನಾಲ್ಕನೆಯ ಗುರುವಾರ ಬರುವ ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ಮುಂಚಿನ ಶನಿವಾರ ಅದು ಆರಂಭವಾಗುತ್ತದೆ. ಆ ಒಂದು ವಾರ ಹಳ್ಳಿಗಾಡಿನಲ್ಲಿ ಎತ್ತ ನೋಡಿದರೂ ಕಣ್ಣು ಕುಕ್ಕುವ ಕಿತ್ತಳೆ ಬಣ್ಣದ ಅಂಗಿ ತೊಟ್ಟ ಬೇಟೆಗಾರರು. ದೂರದ ನಗರಗಳಲ್ಲಿ ನೌಕರಿಗಿರುವ ಮಕ್ಕಳು ಊರಿಗೆ ಮರಳುತ್ತಾರೆ. ಅಜ್ಜ, ಮಗ, ಮೊಮ್ಮಗ ಒಟ್ಟಿಗೆ ಕಾಡು ಹೊಗುತ್ತಾರೆ. ಸಂಜೆ ಬೇಟೆ ಸಿಕ್ಕವರ ವಾಹನಗಳು ಎರಡು ದಾರಿ ಹಿಡಿಯುತ್ತವೆ. ಕೆಲವು ನೇರವಾಗಿ ಮನೆಯ ಹಿತ್ತಲಿನ ಕೊಟ್ಟಿಗೆಗೆ ಹೋಗುತ್ತವೆ. ಉಳಿದವು ಊರಂಚಿನ ಒಂದು ಅಂಗಡಿಯ ಮುಂದೆ ಸಾಲುಗಟ್ಟಿ ನಿಲ್ಲುತ್ತವೆ.

ಈ ಅಂಗಡಿಯವನನ್ನು ಅಲ್ಲಿ ‘ಪ್ರೊಸೆಸರ್’ ಎಂದು ಕರೆಯುತ್ತಾರೆ. ತಂದೊಪ್ಪಿಸಿದ ಜಿಂಕೆಯ ತೊಗಲು ಸುಲಿದು, ಮೂಳೆ ಬಿಡಿಸಿ, ಗಿರಾಕಿ ಹೇಳಿದ ಆಕಾರಕ್ಕೆ ಮಾಂಸವನ್ನು ಕತ್ತರಿಸಿ, ಉಳಿದುದನ್ನು ಯಂತ್ರದಲ್ಲಿ ಅರೆದು ಕೈಮ ಮಾಡಿ, ಪೊಟ್ಟಣ ಕಟ್ಟಿ ಕೊಡುವುದು ಅವನ ಕಸುಬು. ಸಾಧಾರಣ ಕೆಲಸಕ್ಕೆ ಈಗ ಸುಮಾರು 100ರಿಂದ 150 ಡಾಲರ್ ಕೂಲಿ. ಊರಿಂದ ಊರಿಗೆ ಹೆಚ್ಚುಕಡಿಮೆಯಾಗುವುದುಂಟು. ಸಾಸೇಜು, ಒಣಮಾಂಸ ಬೇಕೆಂದರೆ ಬೇರೆ ದರ. ಜಿಂಕೆಯನ್ನು ಹೊಡೆದವನೇ ಕೊಯ್ಯಬೇಕೋ, ಹಣ ಕೊಟ್ಟು ಕೊಯ್ಯಿಸಬೇಕೋ ಎಂಬ ವಾದ ಆ ನಾಡಿನಲ್ಲಿ ವರ್ಷ ವರ್ಷವೂ ಏಳುತ್ತದೆ, ಎಂದೂ ಮುಗಿಯುವುದಿಲ್ಲ.

ನಮ್ಮ ಓದುಗರಲ್ಲಿ ಅನೇಕರು ಮಾಂಸವನ್ನೇ ಮುಟ್ಟದವರು. ಮುಟ್ಟುವವರಿಗೂ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ನಂತರ ನಮ್ಮ ದೇಶದಲ್ಲಿ ಜಿಂಕೆ ಹೊಡೆಯುವುದು ಅಪರಾಧ. ಹಾಗಿರುವಾಗ ಈ ವಿಷಯ ನಮಗೇಕೆ ಎಂದು ಯಾರಾದರೂ ಕೇಳಬಹುದು. ಗಡಿನಾಡಿನ ಎಷ್ಟೋ ಮನೆಗಳ ಮಕ್ಕಳು ಇಂದು ಅಮೇರಿಕದಲ್ಲಿ ಸಂಸಾರ ಹೂಡಿದ್ದಾರೆ. ಚಳಿಗಾಲದಲ್ಲಿ ನೆರೆಯ ಬೇಟೆಗಾರನು ಬಿಳಿಯ ಕಾಗದದಲ್ಲಿ ಸುತ್ತಿದ ಒಂದು ಪೊಟ್ಟಣವನ್ನು ವಿಶ್ವಾಸದಿಂದ ತಂದುಕೊಟ್ಟರೆ ಆ ಮಾಂಸ ಯಾರ ಕೈಯಲ್ಲಿ ಕತ್ತರಿಸಲ್ಪಟ್ಟಿತು ಎಂಬ ಪ್ರಶ್ನೆ ಕುತೂಹಲದ್ದಾಗಿ ಉಳಿಯುವುದಿಲ್ಲ. ಉಣ್ಣುವ ಮಗುವಿನ ಆರೋಗ್ಯದ ಪ್ರಶ್ನೆಯಾಗುತ್ತದೆ.

ಹತ್ತೊಂಬತ್ತನೆಯ ಶತಮಾನದಲ್ಲಿ ಜಿಂಕೆಯ ಮಾಂಸ ಅಮೇರಿಕದ ಪೇಟೆಗಳಲ್ಲಿ ಬಹಿರಂಗವಾಗಿ ಮಾರಾಟವಾಗುತ್ತಿತ್ತು. ಮಾರುವುದಕ್ಕೆಂದೇ ಕೊಲ್ಲುವವರ ಹಾವಳಿಯಿಂದ ಬಿಳಿಬಾಲದ ಜಿಂಕೆಗಳ ಸಂಖ್ಯೆ 1900ರ ಸುಮಾರಿಗೆ ಕೆಲವೇ ಲಕ್ಷಗಳಿಗೆ ಇಳಿದುಹೋಗಿತ್ತು. ಆ ವರ್ಷ ಬಂದ ಲೇಸಿ ಕಾಯಿದೆಯು ಅಕ್ರಮವಾಗಿ ಕೊಂದ ಪ್ರಾಣಿಗಳನ್ನು ಒಂದು ರಾಜ್ಯದಿಂದ ಇನ್ನೊಂದಕ್ಕೆ ಸಾಗಿಸಿ ಮಾರುವುದನ್ನು ತಡೆಯಿತು. ರಾಜ್ಯಗಳೂ ಬೇಟೆಗೆ ಕಾಲ, ಸಂಖ್ಯೆ, ಪರವಾನಿಗಿಗಳ ಕಟ್ಟು ಹಾಕಿದವು. ಇಂದು ಆ ಜಿಂಕೆಗಳು ಸುಮಾರು ಮೂರು ಕೋಟಿ ಇವೆಯೆಂದು ಅಂದಾಜು. ಆದರೆ ಬೇಟೆಯ ಮಾಂಸವನ್ನು ಮಾರುವುದಕ್ಕೆ ಅಂದು ಬಿದ್ದ ತಡೆ ಹಾಗೆಯೇ ಉಳಿಯಿತು. ಆದುದರಿಂದ ಪ್ರೊಸೆಸರನು ಮಾಂಸದ ವ್ಯಾಪಾರಿಯಲ್ಲ. ಜಿಂಕೆ ಬೇಟೆಗಾರನದೇ, ಇವನಿಗೆ ಸಲ್ಲುವುದು ಕೈಕೆಲಸದ ಕೂಲಿ ಮಾತ್ರ. ಪೊಟ್ಟಣಗಳ ಮೇಲೆ ‘ಮಾರಾಟಕ್ಕಲ್ಲ’ ಎಂಬ ಮುದ್ರೆ ಒತ್ತುವುದು ಇದೇ ಕಾರಣಕ್ಕೆ.

ಕೊಯ್ಯಿಸುವವನಿಗೂ ಒಂದು ಕೆಲಸ ತಪ್ಪಿದ್ದಲ್ಲ. ಪ್ರಾಣಿ ಬಿದ್ದ ಜಾಗದಲ್ಲಿಯೇ ಹೊಟ್ಟೆ ಸೀಳಿ ಒಳಗಿನ ಅಂಗಗಳನ್ನು ಹೊರತೆಗೆಯಬೇಕು. ಸತ್ತ ಜಿಂಕೆಯ ದೇಹದ ಬಿಸಿ ಒಳಗೇ ಉಳಿದರೆ ಮಾಂಸ ಕೆಡಲು ಹೆಚ್ಚು ಹೊತ್ತು ಬೇಡ. ಚಾಕುವಿನ ಮೊನೆಯನ್ನು ಮೇಲ್ಮುಖವಾಗಿ ಹಿಡಿದು, ಎರಡು ಬೆರಳುಗಳ ನಡುವೆ ಅದನ್ನು ನಡೆಸುತ್ತ, ತೊಗಲು ಮತ್ತು ಹೊಟ್ಟೆಯ ತೆಳುವಾದ ಸ್ನಾಯುವನ್ನಷ್ಟೆ ಸೀಳಬೇಕು. ಮೊನೆ ಕೊಂಚ ಕೆಳಗಿಳಿದರೂ ಜಠರವೋ ಮೂತ್ರಕೋಶವೋ ಒಡೆದು ಮಾಂಸಕ್ಕೆಲ್ಲ ಹೊಲಸು ತಗಲುತ್ತದೆ. ಎದೆಗೂಡನ್ನೂ ಹೊಟ್ಟೆಯನ್ನೂ ಬೇರ್ಪಡಿಸುವ ವಪೆಯನ್ನು ಸುತ್ತಲೂ ಬಿಡಿಸಿ, ಮೇಲೆ ಕೈಹಾಕಿ ಶ್ವಾಸನಾಳವನ್ನು ಕತ್ತರಿಸಿದರೆ ಎಲ್ಲವೂ ಒಟ್ಟಿಗೆ ಜಾರಿ ಬರುತ್ತದೆ. ಆಮೇಲೆ ಹೊಟ್ಟೆಯನ್ನು ಅಗಲಿಸಿ ಗಾಳಿಯಾಡಿಸಬೇಕು. ಬೆಚ್ಚಗಿನ ದಿನವಾದರೆ ಒಳಗೆ ಮಂಜುಗಡ್ಡೆಯ ಚೀಲಗಳನ್ನಿಟ್ಟು ಮಾಂಸದ ಉಷ್ಣತೆಯನ್ನು 4 ಡಿಗ್ರಿ ಸೆಲ್ಷಿಯಸಿನ ಹತ್ತಿರಕ್ಕೆ ಇಳಿಸಬೇಕು. ಇದನ್ನು ಅವಸರದಲ್ಲಿ ಮಾಡಿ, ಎಳೆಬಿಸಿಲಿನಲ್ಲಿ ಜಿಂಕೆಯನ್ನು ವಾಹನದ ಮೇಲೆ ಕಟ್ಟಿಕೊಂಡು ಊರೆಲ್ಲ ಮೆರೆಸಿ, ಸಂಜೆಗೆ ಅಂಗಡಿಗೆ ಒಯ್ದವನು ಮುಂದೆ ಮಾಂಸ ನಾರುತ್ತದೆಂದು ಅಂಗಡಿಯವನನ್ನು ದೂರುವುದು ನ್ಯಾಯವಲ್ಲ. ಜಿಂಕೆ ಮಾಂಸಕ್ಕೆ ಸಹಜವೆಂದು ಜನ ನಂಬಿರುವ ‘ಕಾಡುವಾಸನೆ’ಯಲ್ಲಿ ದೊಡ್ಡ ಪಾಲು ಈ ಮೊದಲ ಗಂಟೆಗಳ ಉದಾಸೀನದ್ದು.

ಅಲ್ಲಿಂದ ಮುಂದಿನದು ತಾಳ್ಮೆಯ ಕೆಲಸ. ಹಿಂಗಾಲುಗಳಲ್ಲಿ ಕೋಲು ತೂರಿಸಿ ತಲೆಕೆಳಗಾಗಿ ತೂಗುಹಾಕಿ, ತೊಗಲನ್ನು ಮೇಲಿನಿಂದ ಕೆಳಗೆ ಎಳೆದು ಸುಲಿಯುತ್ತಾರೆ. ಸತ್ತೊಡನೆ ಸ್ನಾಯುಗಳು ಮರಗಟ್ಟುವುದರಿಂದ ಆ ಬಿಗಿತ ಸಡಿಲವಾಗುವವರೆಗೆ, ಎಂದರೆ ಒಂದು ದಿನವಾದರೂ, ತಂಪಿನಲ್ಲಿ ಬಿಟ್ಟು ಕತ್ತರಿಸಿದರೆ ಮಾಂಸ ಮೆತ್ತಗಾಗುತ್ತದೆ. ಮುಂಗಾಲು ಮೂಳೆಯ ಕೀಲಿನಿಂದಲ್ಲ, ಬರಿಯ ಸ್ನಾಯುವಿನಿಂದ ದೇಹಕ್ಕೆ ಅಂಟಿಕೊಂಡಿರುತ್ತದೆ. ಚಾಕು ತಾಗಿಸಿದರೆ ಬಿಟ್ಟುಬರುತ್ತದೆ. ಬೆನ್ನಮೂಳೆಯ ಎರಡೂ ಕಡೆ ಹಗ್ಗದಂತೆ ಹರಿದಿರುವ ಉದ್ದನೆಯ ಮಾಂಸವೇ ಎಲ್ಲಕ್ಕಿಂತ ರುಚಿಯಾದುದೆಂದು ಹೆಸರು. ಹಿಂದೊಡೆಯಲ್ಲಿ ಒಂದೊಂದು ಸ್ನಾಯುವೂ ತನ್ನದೇ ತೆಳುಪೊರೆಯಲ್ಲಿ ಸುತ್ತಿಕೊಂಡಿರುವುದರಿಂದ ಹೊಲಿಗೆ ಬಿಚ್ಚಿದಂತೆ ಅವನ್ನು ಬೆರಳಿನಿಂದಲೇ ಬಿಡಿಸಬಹುದು. ಬೆಳ್ಳಿಯಂತೆ ಹೊಳೆಯುವ ಗಟ್ಟಿ ಪೊರೆಯನ್ನೂ ಕೊಬ್ಬನ್ನೂ ಕೆತ್ತಿ ತೆಗೆಯಲೇಬೇಕು. ಜಿಂಕೆಯ ಕೊಬ್ಬು ಬಾಯಲ್ಲಿ ಮೇಣದಂತೆ ಹೆಪ್ಪುಗಟ್ಟುತ್ತದೆ. ಕೈಪಳಗಿದವನಿಗೆ ಇದೆಲ್ಲ ಎರಡು ಮೂರು ಗಂಟೆಗಳ ಮಾತು. ಹೊಸಬನಿಗೆ ಒಂದು ಹಗಲು ಪೂರ್ತಿ ಬೇಕು, ಬೆನ್ನುನೋವು ಬೇರೆ.

ಮೂವತ್ತು ಡಿಗ್ರಿ ಬಿಸಿಲಿನಲ್ಲಿ ಬೇಟೆಯಾಡುವ ಟೆಕ್ಸಾಸಿನವನಿಗೆ, ಮೂರನೆಯ ಮಹಡಿಯ ಮನೆಯಲ್ಲಿ ವಾಸಿಸುವವನಿಗೆ, ಸೋಮವಾರ ಬೆಳಗ್ಗೆ ಕಾರ್ಖಾನೆಗೆ ಹಾಜರಾಗಬೇಕಾದವನಿಗೆ ಆ ಹಗಲು ಎಲ್ಲಿಂದ ಬರಬೇಕು? ಅಂಥವರಿಗೆ ಪ್ರೊಸೆಸರನ ಶೀತಲ ಕೋಣೆಯೊಂದೇ ದಾರಿ, ಅದರಲ್ಲಿ ಕೀಳುತನವೇನೂ ಇಲ್ಲ. ವಿಸ್ಕಾನ್ಸಿನಿನ ಇಂಥ ಅಂಗಡಿಗಳಲ್ಲಿ ಕೆಲವು ಜರ್ಮನಿ, ಪೋಲೆಂಡುಗಳಿಂದ ವಲಸೆ ಬಂದವರ ಮನೆತನದ ಸಾಸೇಜು ವಿದ್ಯೆಯನ್ನು ಇಂದಿಗೂ ಉಳಿಸಿಕೊಂಡಿವೆ. ಕೊಬ್ಬಿಲ್ಲದ ಜಿಂಕೆ ಮಾಂಸಕ್ಕೆ ಹಂದಿಯ ಕೊಬ್ಬು ಬೆರೆಸಿ, ಮಸಾಲೆ ಕೂಡಿಸಿ, ಹದವಾದ ಹೊಗೆಯಲ್ಲಿಡುವ ಆ ಕೆಲಸ ಮನೆಯ ಅಡಿಗೆಮನೆಯಲ್ಲಿ ಸುಲಭಕ್ಕೆ ಕೈಗೂಡುವುದಲ್ಲ.

ಇನ್ನು ಅನುಮಾನದ ಸಂಗತಿ. ಅಂಗಡಿಗೆ 50 ಕಿಲೋ ತೂಗುವ ಜಿಂಕೆ ಕೊಟ್ಟು 20-25 ಕಿಲೋ ಪೊಟ್ಟಣ ಹಿಡಿದು ಬಂದವನು ‘ಉಳಿದರ್ಧ ಎಲ್ಲಿ ಹೋಯಿತು?’ ಎಂದು ಹುಬ್ಬುಗಂಟಿಕ್ಕುವುದು ಅಲ್ಲಿ ಹಳೆಯ ಕತೆ. ತಲೆ, ತೊಗಲು, ಕಾಲು, ಮೂಳೆ, ಗುಂಡು ತಗಲಿ ರಕ್ತ ಹೆಪ್ಪುಗಟ್ಟಿದ ಭಾಗ ಇವೆಲ್ಲ ಕಳೆದ ಮೇಲೆ ಉಳಿಯುವುದು ಅಷ್ಟೇ ಎಂಬುದನ್ನು ತಾನೇ ಒಮ್ಮೆ ಕೊಯ್ದು ತೂಗಿದವನು ಮಾತ್ರ ಮನಸಾರೆ ಒಪ್ಪುತ್ತಾನೆ. ಕಾಯಿದೆ ಬರುವುದಕ್ಕೆ ಮೊದಲು ನಮ್ಮ ಕಾಡಂಚಿನ ಊರುಗಳ ಗುಂಪುಬೇಟೆಯಲ್ಲಿ ಈ ಅನುಮಾನಕ್ಕೆ ಎಡೆಯಿರಲಿಲ್ಲ. ಕೊಡಗಿನಲ್ಲಂತೂ ಯಾರಿಗೆ ಯಾವ ಪಾಲೆಂಬ ಕಟ್ಟಳೆಯೇ ಇತ್ತು, ಪಾಲು ಬೀಳುತ್ತಿದ್ದುದು ಎಲ್ಲರ ಕಣ್ಣೆದುರಿಗೆ.

ತೂಕದ ಅನುಮಾನ ಬಹುಮಟ್ಟಿಗೆ ಸುಳ್ಳಾದರೂ ‘ಬಂದುದು ನನ್ನ ಜಿಂಕೆಯೇ?’ ಎಂಬ ಇನ್ನೊಂದು ಅನುಮಾನಕ್ಕೆ ಆಧಾರವಿದೆ. ಸಾಸೇಜಿನ ಯಂತ್ರ ಒಂದು ಸಲಕ್ಕೆ ಬೇಡುವಷ್ಟು ಮಾಂಸ ಒಂದು ಜಿಂಕೆಯಿಂದ ಒದಗದೆ ಹೋಗಬಹುದು. ಆದುದರಿಂದ ಹಲವು ಅಂಗಡಿಗಳು ನಾಲ್ಕಾರು ಬೇಟೆಗಾರರ ಚೂರುಪಾರುಗಳನ್ನು ಒಟ್ಟುಗೂಡಿಸಿ ಅರೆದು, ತೂಕದ ಪ್ರಕಾರ ಹಂಚುತ್ತವೆ. ಇದರಲ್ಲಿ ಮೋಸವಿಲ್ಲ. ಆದರೆ ಒಬ್ಬನು ಎಚ್ಚರದಿಂದ ತಂಪಾಗಿಸಿ ತಂದ ಮಾಂಸ ಮತ್ತೊಬ್ಬನ ಉದಾಸೀನದೊಂದಿಗೆ ಬೆರೆಯುತ್ತದೆ, ಮತ್ತು ಈಗ ಅದರ ಜೊತೆಗೆ ಒಂದು ರೋಗದ ಭಯವೂ ಸೇರಿಕೊಂಡಿದೆ.

1967ರಲ್ಲಿ ಕೊಲೊರಾಡೋ ರಾಜ್ಯದ ಒಂದು ಸಂಶೋಧನಾ ಕೇಂದ್ರದ ಜಿಂಕೆಗಳು ಮೇವು ತಿನ್ನುತ್ತಿದ್ದರೂ ಬಡಕಲಾಗಿ, ಜೊಲ್ಲು ಸುರಿಸಿ, ತೂರಾಡಿ ಸತ್ತವು. ಈ ಕ್ಷಯಿಸುವ ರೋಗ ಮಿದುಳನ್ನು ಸ್ಪಂಜಿನಂತೆ ತೂತು ಮಾಡುವ ಜಾತಿಯದೆಂದು ಎಲಿಜಬೆತ್ ವಿಲಿಯಮ್ಸ್ ಎಂಬ ಪಶುವೈದ್ಯೆ 1978ರಲ್ಲಿ ಗುರುತಿಸಿದರು. ವಿಸ್ಕಾನ್ಸಿನಿನಲ್ಲಿ ಇದು ಪತ್ತೆಯಾದುದು 2002ರಲ್ಲಿ. ಈಗ ಮೂವತ್ತಕ್ಕೂ ಹೆಚ್ಚು ರಾಜ್ಯಗಳಲ್ಲಿದೆ. ಇದಕ್ಕೆ ಕಾರಣ ಕ್ರಿಮಿಯಲ್ಲ, ವಿಕಾರಗೊಂಡ ಒಂದು ಪ್ರೋಟೀನು; ಅದಕ್ಕೆ ಪ್ರಿಯಾನ್ ಎಂದು ಹೆಸರು. ಬೇಯಿಸಿದರೆ ಅದು ಸಾಯುವುದಿಲ್ಲ. ಮನುಷ್ಯನಿಗೆ ಈ ರೋಗ ಅಂಟಿದ ಖಚಿತವಾದ ಒಂದು ಪ್ರಸಂಗವೂ ಈವರೆಗೆ ಇಲ್ಲ. ಆದರೂ ರೋಗವಿರುವ ಪ್ರದೇಶದ ಜಿಂಕೆಯನ್ನು ಪರೀಕ್ಷೆ ಮಾಡಿಸಬೇಕು, ರೋಗ ಕಂಡುಬಂದರೆ ಮಾಂಸ ತಿನ್ನಬಾರದು ಎಂಬುದು ಅಲ್ಲಿನ ಆರೋಗ್ಯ ಇಲಾಖೆಯ ಸಲಹೆ. ಕುತ್ತಿಗೆಯ ದುಗ್ಧಗ್ರಂಥಿಯ ಪರೀಕ್ಷೆಗೆ ದಿನಗಳು ಹಿಡಿಯುತ್ತವೆ. ಅಷ್ಟರೊಳಗೆ ಆ ಮಾಂಸ ಹತ್ತು ಜನರ ಸಾಸೇಜಿನಲ್ಲಿ ಸೇರಿಹೋಗಿದ್ದರೆ ಫಲಿತಾಂಶದ ಕಾಗದದಿಂದ ಏನು ಪ್ರಯೋಜನ?

ಮನೆಯಲ್ಲಿ ಕೊಯ್ಯುವವನು ಕೈಗವಸು ತೊಟ್ಟು, ಮಿದುಳು, ಬೆನ್ನುಹುರಿಗಳ ಮೇಲೆ ಗರಗಸ ಎಳೆಯದೆ, ಮೂಳೆಯಿಂದ ಮಾಂಸವನ್ನು ಬಿಡಿಸಿ, ಫಲಿತಾಂಶ ಬರುವವರೆಗೆ ಪೊಟ್ಟಣಗಳನ್ನು ತಡೆದಿಡಬಹುದು. ಮನೆಯಲ್ಲಿ ಬಳಸುವ ಬ್ಲೀಚ್ ದ್ರವವನ್ನು ನೂರಕ್ಕೆ ನಲವತ್ತು ಪಾಲಿನಷ್ಟು ನೀರಿಗೆ ಬೆರೆಸಿ 5 ನಿಮಿಷ ನೆನೆಸಿದರೆ ಉಕ್ಕಿನ ಚಾಕುವಿನ ಮೇಲ್ಮೈಯ ಪ್ರಿಯಾನ್ ನಿಷ್ಕ್ರಿಯವಾಗುತ್ತದೆಂದು 2019ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿದೆ. ಚಾಕುವಿಗೆ ಅಂಟಿದ ಮಾಂಸದ ಚೂರಿನ ಒಳಗಿರುವುದಕ್ಕೆ ಮಾತ್ರ ಅದು ತಟ್ಟುವುದಿಲ್ಲ.

ಸೀಸದ ವಿಷಯ ಇದಕ್ಕಿಂತ ಖಚಿತವಾದುದು, ಆದರೂ ಬೇಟೆಗಾರರು ಅಷ್ಟಾಗಿ ಮನಸ್ಸಿಗೆ ಹಚ್ಚಿಕೊಳ್ಳದುದು. 2008ರಲ್ಲಿ ಉತ್ತರ ಡಕೋಟಾದ ವೈದ್ಯ ವಿಲಿಯಂ ಕಾರ್ನಾಟ್ಜರ್ ಬಡವರಿಗೆ ದಾನವಾಗಿ ಬಂದ ಜಿಂಕೆ ಕೈಮದ ಪೊಟ್ಟಣಗಳನ್ನು ಕ್ಷಕಿರಣದಿಂದ ಪರೀಕ್ಷಿಸಿ ಅವುಗಳಲ್ಲಿ ಲೋಹದ ಕಣಗಳನ್ನು ತೋರಿಸಿದರು. ರಾಜ್ಯವು ಅನ್ನದಾನ ಕೇಂದ್ರಗಳಿಂದ ಆ ಮಾಂಸವನ್ನು ಹಿಂತೆಗೆಸಿತು. ಮರುವರ್ಷ ಪ್ರಕಟವಾದ ಒಂದು ಅಧ್ಯಯನದಲ್ಲಿ ಸೀಸದ ಗುಂಡಿಗೆ ಬಿದ್ದ 30 ಜಿಂಕೆಗಳನ್ನು ಬೇರೆ ಬೇರೆ ಪ್ರೊಸೆಸರರಿಗೆ ಕೊಟ್ಟು ಕೊಯ್ಯಿಸಲಾಯಿತು. 24 ಜಿಂಕೆಗಳ ಕೈಮದಲ್ಲಿ ಲೋಹದ ಚೂರು ಸಿಕ್ಕಿತು. ಒಟ್ಟು 234 ಪೊಟ್ಟಣಗಳಲ್ಲಿ ಚೂರಿದ್ದುದು ನೂರಕ್ಕೆ 32ರಲ್ಲಿ. ಗುಂಡು ಮೂಳೆಗೆ ಬಡಿದು ಪುಡಿಯಾದರೆ ಕಣ್ಣಿಗೆ ಕಾಣದ ಕಣಗಳು ಗಾಯದಿಂದ ಬಹಳ ದೂರ ಚದರುತ್ತವೆ, ಅರೆಯುವ ಯಂತ್ರ ಅವನ್ನು ಮತ್ತಷ್ಟು ಹರಡುತ್ತದೆ. ಕೂಲಿಗೆ ಕೊಯ್ಯುವವನಿಗೆ ತೂಕ ಕಡಿಮೆಯಾದರೆ ಗಿರಾಕಿ ಮುನಿಯುವ ಭಯ. ಗಾಯದ ಸುತ್ತ ಧಾರಾಳವಾಗಿ ಕತ್ತರಿಸಿ ಎಸೆಯಲು ಅವನ ಕೈ ಹಿಂಜರಿಯಬಹುದು. ತನ್ನ ಮಕ್ಕಳಿಗೆಂದು ಕೊಯ್ಯುವವನಿಗೆ ಆ ಹಿಂಜರಿಕೆ ಬೇಕಿಲ್ಲ. ಇದಕ್ಕಿಂತ ಮೇಲಾದ ಉಪಾಯ ಸೀಸವನ್ನು ಬಿಟ್ಟು ತಾಮ್ರದ ಗುಂಡು ಬಳಸುವುದು. ಅದು ಪುಡಿಯಾಗುವುದು ತೀರ ಕಡಿಮೆ.

ಪ್ರೊಸೆಸರನ ಬಳಿ ಹೋಗಲಿ, ಆದರೆ ಒಮ್ಮೆಯಾದರೂ ತನ್ನ ಜಿಂಕೆಯನ್ನು ತಾನೇ ಪೂರ್ತಿಯಾಗಿ ಕೊಯ್ದು ಆಮೇಲೆ ಹೋಗಲಿ ಎಂಬುದು ಈ ಲೇಖಕನ ಮತ. ತನ್ನ ಗುಂಡು ಒಳಗೆ ಏನು ಮಾಡಿತೆಂದು ಕಣ್ಣಾರೆ ಕಂಡವನು ಮುಂದಿನ ಸಲ ಗುರಿ ಹಿಡಿಯುವಾಗ ಕಾಯುತ್ತಾನೆ, ಸಂದೇಹವಿದ್ದರೆ ಕೋವಿ ಇಳಿಸುತ್ತಾನೆ. ಅಂಗಡಿಯನ್ನು ಆರಿಸುವಾಗ ಕೇಳಬೇಕಾದುದೂ ಅವನಿಗೆ ಗೊತ್ತಿರುತ್ತದೆ. ನನ್ನ ಜಿಂಕೆಯನ್ನು ಬೇರೆಯಾಗಿಯೇ ಕೊಯ್ಯುವಿರಾ? ಮೂಳೆ ಬಿಡಿಸುವಿರಾ, ಗರಗಸದಲ್ಲಿ ಕೊಯ್ಯುವಿರಾ? ಒಂದರಿಂದ ಇನ್ನೊಂದಕ್ಕೆ ಹೋಗುವಾಗ ಯಂತ್ರ ತೊಳೆಯುವಿರಾ? ಕೊಂಚ ಹೆಚ್ಚು ಕೂಲಿ ಪಡೆದು ಪ್ರತ್ಯೇಕವಾಗಿ ಮಾಡಿಕೊಡುವ ಅಂಗಡಿಗಳು ಇದ್ದೇ ಇವೆ.

ನೆರೆಯವನು ಪೊಟ್ಟಣ ತಂದುಕೊಟ್ಟಾಗಲೂ ಕೇಳಲು ಸಂಕೋಚಪಡಬೇಕಾಗಿಲ್ಲ. ಯಾವ ಗುಂಡು, ಪರೀಕ್ಷೆ ಆಯಿತೆ, ಅರೆದದ್ದೋ ಇಡಿಯಾದ ತುಂಡೋ ಎಂಬ ಪ್ರಶ್ನೆಗಳಿಗೆ ಒಳ್ಳೆಯ ಬೇಟೆಗಾರನು ಸಂತೋಷದಿಂದಲೇ ಉತ್ತರಿಸುತ್ತಾನೆ. ಮನೆಯಲ್ಲಿ ಆರು ವರ್ಷದೊಳಗಿನ ಮಕ್ಕಳೋ ಗರ್ಭಿಣಿಯೋ ಇದ್ದು, ಜಿಂಕೆ ಸೀಸದ ಗುಂಡಿಗೆ ಬಿದ್ದುದಾದರೆ ಅವರಿಗೆ ಆ ಮಾಂಸ ಬಡಿಸಬಾರದೆಂದು ಉತ್ತರ ಡಕೋಟಾದ ಅಧಿಕಾರಿಗಳು 2008ರಲ್ಲಿಯೇ ಎಚ್ಚರಿಸಿದ್ದಾರೆ.