ಹತ್ತು ವರ್ಷದ ಗಳಿಕೆ, ಇಂದಿನ ರೂಪಾಯಿ

ಚನ್ನಗಿರಿಯ ಕಡೆ ಅಡಿಕೆ ತೋಟವನ್ನು ಚೇಣಿಗೆ ಹಿಡಿಯುವವನು ಈ ವರ್ಷದ ಗೊನೆಗಳನ್ನು ಎಣಿಸಿ ಮಾತು ಮುಗಿಸುತ್ತಾನೆ. ತೋಟವನ್ನೇ ಕೊಳ್ಳಹೊರಟವನು ಹಾಗೆ ಮಾಡುವುದಿಲ್ಲ. ಮಳೆ ಕೈಕೊಟ್ಟ ವರ್ಷ ಎಷ್ಟು ಕ್ವಿಂಟಾಲ್ ಬಂತು, ಕೊಳೆರೋಗ ಬಿದ್ದ ವರ್ಷ ಏನು ಉಳಿಯಿತು, ಧಾರಣೆ ಕುಸಿದಾಗ ಕೂಲಿ ಗೊಬ್ಬರಗಳ ಖರ್ಚು ಹುಟ್ಟಿತೇ ಎಂದು ಅವನು ಕೇಳುತ್ತಾನೆ. ಚೇಣಿದಾರನಿಗೆ ಒಂದು ಫಸಲು ಸಾಕು. ಕೊಳ್ಳುವವನಿಗೆ ಮರದ ಆಯುಸ್ಸೆಲ್ಲ ಲೆಕ್ಕಕ್ಕೆ ಬರುತ್ತದೆ. ಕಂಪನಿಯೊಂದರ ಷೇರನ್ನು ಕೊಳ್ಳುವವನು ತೋಟದ ಪಾಲುದಾರನೇ ಹೊರತು ಚೇಣಿದಾರನಲ್ಲ. ಆದರೂ ಷೇರುಪೇಟೆಯಲ್ಲಿ ಬಹುಮಂದಿ ಚೇಣಿದಾರನ ಕಣ್ಣಿನಿಂದಲೇ ತೋಟಕ್ಕೆ ಬೆಲೆ ಕಟ್ಟುತ್ತಾರೆ. ವಿವೇಕಿಗಳಾದ ಗೃಹಸ್ಥರು ಕೂಡ ಹೊಲ ಮನೆಗಳ ವಿಷಯದಲ್ಲಿ ತೋರುವ ಎಚ್ಚರವನ್ನು ಇಲ್ಲಿ ಮರೆತುಬಿಡುವುದು ಒಂದು ವಿಚಿತ್ರ.

ಷೇರಿನ ಬೆಲೆ ಹೆಚ್ಚೋ ಕಡಿಮೆಯೋ ಎಂದು ತಿಳಿಯಲು ಪೇಟೆಯವರು ಬಳಸುವ ಅಳತೆಗೋಲು ಬಹಳ ಸರಳವಾದದ್ದು. ಕಂಪನಿಯ ಒಂದು ವರ್ಷದ ನಿವ್ವಳ ಲಾಭವನ್ನು ಷೇರುಗಳ ಸಂಖ್ಯೆಯಿಂದ ಭಾಗಿಸಿದರೆ ಒಂದು ಷೇರಿನ ಗಳಿಕೆ ದೊರೆಯುತ್ತದೆ. ಷೇರಿನ ಪೇಟೆ ಬೆಲೆ ಈ ಗಳಿಕೆಯ ಎಷ್ಟು ಪಟ್ಟು ಎಂಬುದೇ ಬೆಲೆ-ಗಳಿಕೆ ಅನುಪಾತ. ಗಳಿಕೆ 10 ರೂಪಾಯಿ, ಬೆಲೆ 150 ರೂಪಾಯಿ ಆದರೆ ಅನುಪಾತ 15. ಅನುಪಾತ ಚಿಕ್ಕದಾದರೆ ಷೇರು ಅಗ್ಗ, ದೊಡ್ಡದಾದರೆ ತುಟ್ಟಿ ಎಂಬುದು ರೂಢಿಯ ಮಾತು. ಈ ಅಳತೆಯಲ್ಲಿ ಬೆಲೆಯ ಬಗ್ಗೆ ಸಂದೇಹವಿಲ್ಲ. ಅದು ದಿನವೂ ಪತ್ರಿಕೆಯಲ್ಲಿ ಬರುತ್ತದೆ. ಸಂದೇಹವಿರುವುದು ಗಳಿಕೆಯ ಬಗ್ಗೆ. ಯಾವ ವರ್ಷದ ಗಳಿಕೆ?

ಈ ಪ್ರಶ್ನೆಯ ತೂಕವನ್ನು ಅರಿಯಲು ಹರಿಹರಕ್ಕಿಂತ ಒಳ್ಳೆಯ ಸ್ಥಳ ಬೇಕಿಲ್ಲ. ತುಂಗಭದ್ರೆಯ ದಡದ ಈ ಊರಿನಲ್ಲಿ 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಕಂಪನಿ ಸ್ಥಾಪನೆಯಾಯಿತು. ಅದು ತಯಾರಿಸಿದ್ದು ಲೇತ್ ಯಂತ್ರಗಳನ್ನು, ಎಂದರೆ ಯಂತ್ರಗಳನ್ನು ಮಾಡುವ ಯಂತ್ರಗಳನ್ನು. ಇಂಥ ಉದ್ಯಮದ ಲಾಭ ಸೀರೆ ಸಕ್ಕರೆಗಳ ವ್ಯಾಪಾರದಂತೆ ಸಮವಾಗಿ ಹರಿಯುವುದಿಲ್ಲ. ಅದರ ಕಾರಣವನ್ನು ಸ್ವಲ್ಪ ಬಿಡಿಸಿ ನೋಡಬೇಕು. ಒಂದು ವರ್ಕ್‌ಷಾಪಿನಲ್ಲಿ ಹತ್ತು ಲೇತುಗಳಿವೆ, ವರ್ಷಕ್ಕೊಂದು ಸವೆದು ಮೂಲೆ ಸೇರುತ್ತದೆ ಎಂದುಕೊಳ್ಳೋಣ. ಮಾಮೂಲಿ ವರ್ಷದಲ್ಲಿ ಮಾಲೀಕ ಒಂದು ಹೊಸ ಲೇತ್ ಕೊಳ್ಳುತ್ತಾನೆ. ಕೆಲಸ ನೂರಕ್ಕೆ ಹತ್ತರಷ್ಟು ಹೆಚ್ಚಿದರೆ ಅವನಿಗೆ ಹನ್ನೊಂದು ಲೇತ್ ಬೇಕು. ಆ ವರ್ಷ ಎರಡನ್ನು ಕೊಳ್ಳುತ್ತಾನೆ. ಕೆಲಸ ನೂರಕ್ಕೆ ಹತ್ತರಷ್ಟು ಕುಗ್ಗಿದರೆ ಒಂಬತ್ತೇ ಸಾಕು. ಆ ವರ್ಷ ಒಂದನ್ನೂ ಕೊಳ್ಳುವುದಿಲ್ಲ. ವರ್ಕ್‌ಷಾಪಿನವನ ಪಾಲಿಗೆ ಹತ್ತರಷ್ಟು ಏರಿಳಿತ. ಲೇತ್ ಮಾಡುವವನ ಪಾಲಿಗೆ ಬೇಡಿಕೆ ಇಮ್ಮಡಿ, ಇಲ್ಲವೆ ಶೂನ್ಯ. 1965ರ ನಂತರದ ಬರಗಾಲದ ವರ್ಷಗಳಲ್ಲಿ ಸರ್ಕಾರದ ಬಂಡವಾಳ ವೆಚ್ಚ ಕುಗ್ಗಿ, 1966ರಿಂದ 1969ರವರೆಗೆ ಪಂಚವಾರ್ಷಿಕ ಯೋಜನೆಗೇ ಬಿಡುವು ಬಂದಾಗ, ದೇಶದ ಯಂತ್ರೋಪಕರಣ ಉದ್ಯಮವೆಲ್ಲ ಈ ಹೊಡೆತವನ್ನು ತಿಂದಿತು.

ಈಗ ಲೆಕ್ಕಕ್ಕಾಗಿ ಒಂದು ಲೇತ್ ಕಂಪನಿಯನ್ನು ಕಲ್ಪಿಸಿಕೊಳ್ಳೋಣ. ಮೊದಲ ನಾಲ್ಕು ವರ್ಷಗಳಲ್ಲಿ ಅದರ ಷೇರಿನ ಗಳಿಕೆ ಕ್ರಮವಾಗಿ 6, 8, 10, 3 ರೂಪಾಯಿ. ಐದನೆಯ ವರ್ಷ 2 ರೂಪಾಯಿ ನಷ್ಟ. ಆರನೆಯ ವರ್ಷ ಹೇಗೋ ಚೇತರಿಸಿಕೊಂಡು 1 ರೂಪಾಯಿ. ಅನಂತರ 7, 12, 16, ಹತ್ತನೆಯ ವರ್ಷ 20. ಆರನೆಯ ವರ್ಷದಲ್ಲಿ ಎಲ್ಲರೂ ಬೇಸತ್ತು ಬಿಟ್ಟಿದ್ದಾಗ ಷೇರಿನ ಬೆಲೆ 50 ರೂಪಾಯಿ; ಹತ್ತನೆಯ ವರ್ಷ ಎಲ್ಲರೂ ಹೊಗಳುವಾಗ 240. ಒಂದೇ ವರ್ಷದ ಗಳಿಕೆಯನ್ನು ಹಿಡಿದವನಿಗೆ 50 ರೂಪಾಯಿಯ ಷೇರು ಗಳಿಕೆಯ 50 ಪಟ್ಟು, ಅಂದರೆ ಅತಿ ತುಟ್ಟಿ! 240 ರೂಪಾಯಿಯದು ಬರೀ 12 ಪಟ್ಟು, ಅಂದರೆ ಅಗ್ಗ! ನಷ್ಟದ ವರ್ಷದಲ್ಲಂತೂ ಅಳತೆಗೋಲೇ ಮುರಿದುಬೀಳುತ್ತದೆ. ಅಗ್ಗವಾದಾಗ ದೂರ ಸರಿದು, ತುಟ್ಟಿಯಾದಾಗ ಮುಗಿಬೀಳಲು ಇದಕ್ಕಿಂತ ನಂಬಿಕಸ್ಥ ಸಲಹೆಗಾರ ಬೇರೆ ಸಿಗಲಾರ.

ಈ ಅಪಾಯವನ್ನು ಮೊದಲು ಕ್ರಮಬದ್ಧವಾಗಿ ಬರೆದವರು ನ್ಯೂಯಾರ್ಕಿನ ಬೆಂಜಮಿನ್ ಗ್ರಹಾಂ ಮತ್ತು ಡೇವಿಡ್ ಡಾಡ್. 1929ರ ಮಹಾಕುಸಿತದ ಬೂದಿ ಇನ್ನೂ ಆರದ 1934ರಲ್ಲಿ ಅವರ ‘ಸೆಕ್ಯುರಿಟಿ ಅನಾಲಿಸಿಸ್’ ಪ್ರಕಟವಾಯಿತು. ಒಂದು ವರ್ಷದ ಗಳಿಕೆಯನ್ನು ನಂಬಬೇಡಿ, ಕನಿಷ್ಠ ಐದು ವರ್ಷ, ಸಾಧ್ಯವಾದರೆ ಏಳೋ ಹತ್ತೋ ವರ್ಷಗಳ ಸರಾಸರಿಯನ್ನು ಹಿಡಿಯಿರಿ ಎಂಬುದು ಅವರ ಮತ. ಒಳ್ಳೆಯ ಕಾಲ, ಕೆಟ್ಟ ಕಾಲ ಎರಡೂ ಆ ಅವಧಿಯೊಳಗೆ ಒಮ್ಮೆಯಾದರೂ ಬಂದು ಹೋಗಿರಬೇಕು ಎಂಬುದಷ್ಟೇ ಇದರ ತರ್ಕ.

ಆದರೆ ಸರಾಸರಿ ತೆಗೆಯುವಾಗ ಇನ್ನೊಂದು ತೊಡಕು ಎದುರಾಗುತ್ತದೆ. ಹತ್ತು ವರ್ಷದ ಹಿಂದಿನ 6 ರೂಪಾಯಿಯೂ ಇಂದಿನ 20 ರೂಪಾಯಿಯೂ ಒಂದೇ ನಾಣ್ಯವಲ್ಲ. ಅವುಗಳನ್ನು ಹಾಗೆಯೇ ಕೂಡುವುದು ಸೇರನ್ನೂ ಕಿಲೋವನ್ನೂ ಒಟ್ಟಿಗೆ ಕೂಡಿದಂತೆ. ದಾವಣಗೆರೆಯ ಮಿಲ್ಲುಗಳಲ್ಲಿ ದುಡಿದ ಯಾವ ಕಾರ್ಮಿಕನಿಗೂ ಈ ಮಾತನ್ನು ಹೇಳಿಕೊಡಬೇಕಾಗಿರಲಿಲ್ಲ, ಏಕೆಂದರೆ ಅವನಿಗೆ ತುಟ್ಟಿಭತ್ಯೆ ಗೊತ್ತಿತ್ತು. ಅಕ್ಕಿ ಎಣ್ಣೆ ಬಟ್ಟೆ ಬಾಡಿಗೆಗಳ ಬೆಲೆ ಏರಿದಂತೆ ಸೂಚ್ಯಂಕ ಏರುತ್ತದೆ, ಸೂಚ್ಯಂಕದೊಡನೆ ಭತ್ಯೆ ಏರಬೇಕು. ದುಡಿಯುವವನ ಕೂಲಿಗೆ ಹಚ್ಚುವ ಈ ಲೆಕ್ಕವನ್ನು ಷೇರುದಾರನ ಗಳಿಕೆಗೂ ಹಚ್ಚಬೇಕು. ಬೆಲೆಯೇರಿಕೆಗೆ ಹೊಂದಿಸಿದ ಗಳಿಕೆ ಎಂದರೆ ಇಷ್ಟೇ.

ಕೈಗಾರಿಕಾ ಕಾರ್ಮಿಕರ ಗ್ರಾಹಕ ಬೆಲೆ ಸೂಚ್ಯಂಕವನ್ನು ಕೇಂದ್ರ ಸರ್ಕಾರದ ಲೇಬರ್ ಬ್ಯೂರೊ ಪ್ರಕಟಿಸುತ್ತದೆ. ಅದರ ಮೂಲವರ್ಷ ಮೊದಲು 1960 ಇತ್ತು; ಮುಂದೆ 1982, 2001, 2016 ಎಂದು ಬದಲಾಯಿತು. ಹಳೆಯ ಸರಣಿಯಿಂದ ಹೊಸದಕ್ಕೆ ದಾಟಲು ಬ್ಯೂರೊ ಕೊಟ್ಟಿರುವ ಗುಣಕಗಳು ಕ್ರಮವಾಗಿ 4.93, 4.63 ಮತ್ತು 2.88. ಮೂರನ್ನೂ ಗುಣಿಸಿದರೆ ಸುಮಾರು 66 ಬರುತ್ತದೆ. 1960ರಲ್ಲಿ ಒಂದು ರೂಪಾಯಿಗೆ ನಡೆಯುತ್ತಿದ್ದ ಸಂಸಾರದ ಖರ್ಚಿಗೆ 2016ರಲ್ಲಿ 66 ರೂಪಾಯಿ ಬೇಕಾಯಿತು. ಈ ಏರಿಕೆಯೂ ಸಮವಾಗಿ ಆದದ್ದಲ್ಲ. 1974-75ನೆಯ ಒಂದೇ ವರ್ಷದಲ್ಲಿ ಸಗಟು ಬೆಲೆಗಳು ನೂರಕ್ಕೆ 25ರಷ್ಟು ಏರಿದ್ದವು. ಅಂಥ ವರ್ಷದಲ್ಲಿ ಲಾಭ ಇಪ್ಪತ್ತರಷ್ಟು ಹೆಚ್ಚಿತೆಂದು ಬೀಗಿದ ಕಂಪನಿ ನಿಜವಾಗಿ ಹಿಂದಕ್ಕೆ ಬಿದ್ದಿತ್ತು.

ನಮ್ಮ ಕಲ್ಪಿತ ಕಂಪನಿಗೆ ಮರಳೋಣ. ಮೊದಲ ವರ್ಷದಿಂದ ಹತ್ತನೆಯ ವರ್ಷಕ್ಕೆ ಬೆಲೆಗಳು ಸಮಗತಿಯಲ್ಲಿ ಇಮ್ಮಡಿಯಾದವೆನ್ನೋಣ, ಎಂದರೆ ವರ್ಷಕ್ಕೆ ನೂರಕ್ಕೆ 8ರಂತೆ. ಆಗ ಮೊದಲ ವರ್ಷದ 6 ರೂಪಾಯಿ ಹತ್ತನೆಯ ವರ್ಷದ 12 ರೂಪಾಯಿಗೆ ಸಮ. ಮೂರನೆಯ ವರ್ಷದ 10 ರೂಪಾಯಿ 17ಕ್ಕೆ ಸಮ. ಹೀಗೆ ಪ್ರತಿ ವರ್ಷದ ಗಳಿಕೆಯನ್ನೂ, ನಷ್ಟದ ವರ್ಷವನ್ನು ಬಿಡದೆ, ಇಂದಿನ ರೂಪಾಯಿಗೆ ತಂದು ಸರಾಸರಿ ತೆಗೆದರೆ 10 ರೂಪಾಯಿ 70 ಪೈಸೆಯಷ್ಟಾಗುತ್ತದೆ. ಬೆಲೆಯೇರಿಕೆಯನ್ನು ಮರೆತು ಹಾಗೆಯೇ ಕೂಡಿದ್ದರೆ 8 ರೂಪಾಯಿ 10 ಪೈಸೆ ಮಾತ್ರ ಬಂದು, ಕಂಪನಿಗೆ ಅನ್ಯಾಯವಾಗುತ್ತಿತ್ತು. ಈಗ 240 ರೂಪಾಯಿಯ ಷೇರು ಗಳಿಕೆಯ 12 ಪಟ್ಟಲ್ಲ, 22 ಪಟ್ಟು. ಆರನೆಯ ವರ್ಷದ 50 ರೂಪಾಯಿಯ ಕಥೆಯೋ? ಆ ಹೊತ್ತಿಗೆ ತಿಳಿದಿದ್ದ ಆರು ವರ್ಷಗಳ ಗಳಿಕೆಯನ್ನು ಆರನೆಯ ವರ್ಷದ ರೂಪಾಯಿಗೆ ತಂದರೆ ಸರಾಸರಿ 5 ರೂಪಾಯಿ 75 ಪೈಸೆಯ ಆಸುಪಾಸು. ಷೇರಿನ ಬೆಲೆ ಅದರ 9 ಪಟ್ಟಿಗಿಂತ ಕಡಿಮೆ. ತುಟ್ಟಿಯೂ ಅಗ್ಗವೂ ತಮ್ಮ ತಮ್ಮ ಜಾಗಕ್ಕೆ ಮರಳಿದವು. ಲೆಕ್ಕ ಮಾಡುವವರು ಒಂದು ಎಚ್ಚರ ವಹಿಸಬೇಕು: ನಡುವೆ ಕಂಪನಿ ಬೋನಸ್ ಷೇರು ಕೊಟ್ಟಿದ್ದರೆ ಹಳೆಯ ವರ್ಷಗಳ ಗಳಿಕೆಯನ್ನು ಇಂದಿನ ಷೇರುಗಳ ಸಂಖ್ಯೆಗೆ ಹೊಂದಿಸಿಕೊಳ್ಳಬೇಕು. ಇಲ್ಲವಾದರೆ ಶ್ರಮವೆಲ್ಲ ವ್ಯರ್ಥ.

ಅಮೆರಿಕದ ಅರ್ಥಶಾಸ್ತ್ರಜ್ಞರಾದ ಜಾನ್ ಕ್ಯಾಂಪ್‌ಬೆಲ್ ಮತ್ತು ರಾಬರ್ಟ್ ಷಿಲ್ಲರ್ 1988ರಲ್ಲಿ ಈ ವಿಧಾನವನ್ನು ಇಡೀ ಷೇರುಪೇಟೆಗೆ ಅನ್ವಯಿಸಿ ನೋಡಿದರು. ಅಲ್ಲಿಯ ಪೇಟೆಯ ಬೆಲೆ ಹತ್ತು ವರ್ಷದ ನೈಜ ಗಳಿಕೆಯ ಸರಾಸರಿಗೆ 1929ರ ಕುಸಿತದ ಮುನ್ನ ಸುಮಾರು 33 ಪಟ್ಟಿತ್ತು. 1982ರ ಬೇಸಿಗೆಯಲ್ಲಿ 7ಕ್ಕಿಂತ ಕೆಳಗಿತ್ತು. 1999ರ ಕೊನೆಗೆ 44ಕ್ಕೆ ಮುಟ್ಟಿತು. ಎತ್ತರದಲ್ಲಿ ಕೊಂಡವರಿಗೆ ಮುಂದಿನ ಹತ್ತು ಹದಿನೈದು ವರ್ಷ ಅಲ್ಪ ಫಲ, ತಗ್ಗಿನಲ್ಲಿ ಕೊಂಡವರಿಗೆ ಸಮೃದ್ಧ ಫಲ ಎಂಬುದು ಸ್ಥೂಲವಾಗಿ ಕಂಡುಬಂದ ಸಂಗತಿ. ಆದರೆ ಈ ಅಳತೆಗೋಲು ಗಡಿಯಾರದ ಕೆಲಸ ಮಾಡುವುದಿಲ್ಲ. 1996ರ ಡಿಸೆಂಬರಿನಲ್ಲೇ ಇವರಿಬ್ಬರೂ ಅಮೆರಿಕದ ಕೇಂದ್ರ ಬ್ಯಾಂಕಿನ ಮುಂದೆ ಪೇಟೆ ತುಟ್ಟಿಯಾಗಿದೆ ಎಂದಿದ್ದರು. ಪೇಟೆ ಮತ್ತೆ ಮೂರು ವರ್ಷ ಏರುತ್ತಲೇ ಹೋಯಿತು. ಷಿಲ್ಲರ್ ಅವರಿಗೆ 2013ರಲ್ಲಿ ನೊಬೆಲ್ ಪುರಸ್ಕಾರ ಬಂತು. ಅವರ ಮಾತನ್ನು 1996ರಲ್ಲಿ ನಂಬಿ ಮಾರಿದವರು ನಡುವಿನ ವರ್ಷಗಳಲ್ಲಿ ಅನುಭವಿಸಿದ ಪರಿಹಾಸ್ಯವನ್ನು ಊಹಿಸಿಕೊಳ್ಳಬಹುದು.

ಬೆಲೆಯೇರಿಕೆಯ ವಿಷಯದಲ್ಲಿ ಇನ್ನೊಂದು ಸೂಕ್ಷ್ಮವುಂಟು. ಸೂಚ್ಯಂಕದಿಂದ ಗುಣಿಸುವುದಕ್ಕೆ ಮುಂಚೆಯೇ ಲಾಭದ ಅಂಕಿಯೊಳಗೆ ಸುಳ್ಳು ಸೇರಿರಬಹುದು. ಒಂದು ಗಿರಣಿ 10 ಲಕ್ಷ ರೂಪಾಯಿಗೆ ನೂಲುವ ಯಂತ್ರಗಳನ್ನು ಕೊಂಡು, ಇಪ್ಪತ್ತು ವರ್ಷದ ಬಾಳಿಕೆಯೆಂದು ವರ್ಷಕ್ಕೆ 50 ಸಾವಿರವನ್ನು ಸವಕಳಿಗೆ ತೆಗೆದಿರಿಸುತ್ತದೆ. ಲೆಕ್ಕಪತ್ರ ನಿರ್ದುಷ್ಟ. ಆದರೆ ವರ್ಷಕ್ಕೆ ನೂರಕ್ಕೆ 7ರಂತೆ ಬೆಲೆಯೇರಿದರೂ ಇಪ್ಪತ್ತು ವರ್ಷದ ಮೇಲೆ ಅದೇ ಯಂತ್ರಕ್ಕೆ ನಾಲ್ಕು ಪಟ್ಟಿನಷ್ಟು ಹಣ ಬೇಕು. ಕೂಡಿಟ್ಟದ್ದು 10 ಲಕ್ಷ, ಬೇಕಾದದ್ದು 39 ಲಕ್ಷ. ಈ ಅಂತರವೆಲ್ಲ ನಡುವಿನ ವರ್ಷಗಳಲ್ಲಿ ಲಾಭವೆಂದು ಕಾಣಿಸಿಕೊಂಡು ಲಾಭಾಂಶವಾಗಿ ಹಂಚಿಹೋಗಿರುತ್ತದೆ. ಇದು ಬಿತ್ತನೆಯ ಬೀಜವನ್ನು ಉಂಡು ಸುಗ್ಗಿ ಚೆನ್ನಾಯಿತೆಂದ ಹಾಗೆ. ಹತ್ತಿಯ ದಾಸ್ತಾನೂ ಹೀಗೆಯೇ ಮೋಸಮಾಡುತ್ತದೆ: ಸುಗ್ಗಿಯಲ್ಲಿ ಕೊಂಡ ಅರಳೆ ಧಾರಣೆ ಏರಿದಾಗ ಲಾಭ ತೋರಿಸುತ್ತದೆ, ಮರುವರ್ಷದ ಅರಳೆಗೆ ಆ ಲಾಭವೆಲ್ಲ ಸಾಲದೆ ಹೋಗುತ್ತದೆ.

ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿಕೊಂಡಿದ್ದ ದಾವಣಗೆರೆಯ ಹತ್ತಿ ಗಿರಣಿಗಳಲ್ಲಿ ಬಹುಪಾಲು ಇಂದು ಉಳಿದಿಲ್ಲ. ಅವುಗಳ ಅವಸಾನಕ್ಕೆ ಇದೊಂದೇ ಕಾರಣವೆಂದರೆ ತಪ್ಪಾದೀತು. ಮಗ್ಗದ ಪೈಪೋಟಿ, ಮುಷ್ಕರಗಳು, ಆಡಳಿತದ ದೌರ್ಬಲ್ಯ, ಎಲ್ಲವೂ ಜವಳಿ ಉದ್ಯಮದಲ್ಲಿ ಕೂಡಿ ಕೆಲಸ ಮಾಡಿವೆ. 1974ರಲ್ಲಿ ಕೇಂದ್ರ ಸರ್ಕಾರ ದೇಶದ 103 ರೋಗಗ್ರಸ್ತ ಗಿರಣಿಗಳನ್ನು ರಾಷ್ಟ್ರೀಕರಣಗೊಳಿಸಿದಾಗ, ತೋಳಹುಣಸೆಯ ಯಲ್ಲಮ್ಮ ಕಾಟನ್, ವುಲನ್ ಅಂಡ್ ಸಿಲ್ಕ್ ಮಿಲ್ಸ್ ಆ ಪಟ್ಟಿಯಲ್ಲಿತ್ತು. ಹಳೆಯ ಯಂತ್ರಗಳನ್ನು ಬದಲಿಸಲಾರದೆ ಸೊರಗಿದ್ದು ಮಾತ್ರ ಅಂದಿನ ಭಾರತದ ಗಿರಣಿಗಳ ಸಾಮಾನ್ಯ ಕಥೆ. ಆದಕಾರಣ ಹತ್ತು ವರ್ಷದ ಸರಾಸರಿಯನ್ನು ಹಿಡಿಯುವವನು ಲಾಭದ ಪುಟದ ಜೊತೆಗೆ ಯಂತ್ರಗಳ ವಯಸ್ಸನ್ನೂ ವಿಚಾರಿಸಬೇಕಾಗುತ್ತದೆ.

ಇಡೀ ಪೇಟೆಗೆ ಈ ವಿಧಾನ ಒಪ್ಪುವಷ್ಟು ಒಂಟಿ ಕಂಪನಿಗೆ ಒಪ್ಪುವುದಿಲ್ಲ ಎನ್ನುವುದಕ್ಕೂ ಕಾರಣ ಇಲ್ಲಿಯೇ ಇದೆ. ಪೇಟೆಯಲ್ಲಿ ಒಂದು ಕಂಪನಿ ಅಳಿದರೆ ಇನ್ನೊಂದು ಅದರ ಜಾಗಕ್ಕೆ ಬರುತ್ತದೆ. ಸರಾಸರಿಯ ಸರಪಣಿ ತುಂಡಾಗುವುದಿಲ್ಲ. ಒಂಟಿ ಕಂಪನಿಗೆ ಆ ಭಾಗ್ಯವಿಲ್ಲ. ಹಿಂದಿನ ಹತ್ತು ವರ್ಷ ಗಳಿಸಿದ ಶಕ್ತಿ ಮುಂದೆಯೂ ಇರುತ್ತದೆ ಎಂಬ ಊಹೆಯ ಮೇಲೆ ಈ ಲೆಕ್ಕವೆಲ್ಲ ನಿಂತಿದೆ. ಇಳಿತ ಬಂದದ್ದು ಕಾಲಚಕ್ರದಿಂದಲೋ, ನೆಲವೇ ಕುಸಿದದ್ದರಿಂದಲೋ ಎಂಬುದನ್ನು ಅಂಕಿಗಳು ತಾವಾಗಿ ಹೇಳಲಾರವು. 1960ರ ದಶಕದ ಹಿಂಜರಿತ ಚಕ್ರದ ಒಂದು ಸುತ್ತು. ಲೇತ್ ಉದ್ಯಮ ಅದನ್ನು ದಾಟಿ ಬಂತು. 1991ರ ನಂತರ ಆಮದು ಸುಂಕ ಇಳಿದು, ಗಣಕಯಂತ್ರದಿಂದ ನಡೆಯುವ ಲೇತುಗಳು ಬಂದದ್ದು ಬೇರೆಯೇ ಬಗೆಯ ಬದಲಾವಣೆ. ಎರಡರಲ್ಲಿಯೂ ಮೊದಲ ಒಂದೆರಡು ವರ್ಷಗಳ ಲಾಭನಷ್ಟದ ಪಟ್ಟಿ ನೋಡಲು ಒಂದೇ ರೀತಿ ಇರಬಲ್ಲುದು.

ಮೈಸೂರು ಕಿರ್ಲೋಸ್ಕರ್ 1990ರ ದಶಕದ ಕೊನೆಗೆ ಸಂಕಷ್ಟಕ್ಕೆ ಸಿಕ್ಕಿ, ಹೊಸ ಶತಮಾನದ ಆರಂಭದಲ್ಲಿ ಮುಚ್ಚಿಹೋಯಿತು. ಹರಿಹರದ ಎಷ್ಟೋ ಮನೆಗಳ ಒಲೆ ಅದನ್ನು ನಂಬಿಕೊಂಡಿತ್ತು. ಅದು ತಯಾರಿಸಿದ ಟರ್ನ್‌ಮಾಸ್ಟರ್ ಲೇತುಗಳು ಹಳೆಯ ಯಂತ್ರಗಳ ವ್ಯಾಪಾರದಲ್ಲಿ ಇಂದಿಗೂ ಕೈ ಬದಲಿಸುತ್ತಿವೆ. ಕೊಳ್ಳುವವರು ಸ್ಪಿಂಡಲ್ ತಿರುಗಿಸಿ, ಬೆಡ್ಡಿನ ಸವೆತ ನೋಡಿ, ಬೆಲೆ ಕಟ್ಟುತ್ತಾರೆ.